ಡಿಜಿಟಲ್ ದೇಹಕ್ಕೆ ಚರ್ಮ

ಗಣಕದಲ್ಲಿ ಮನುಷ್ಯನ ಆಕೃತಿ ರಚಿಸುವವರನ್ನು ಮೈಕಟ್ಟು, ಕೂದಲು, ಉಡುಪುಗಳಿಗಿಂತ ಹೆಚ್ಚಾಗಿ ಕಾಡಿದ್ದು ಚರ್ಮ. ಅಳತೆಯಲ್ಲಿ ಅಷ್ಟಿಷ್ಟು ತಪ್ಪಿದರೆ ನೋಡುಗರು ಸಹಿಸಿಕೊಳ್ಳುತ್ತಾರೆ. ಚರ್ಮ ಪ್ಲಾಸ್ಟಿಕ್ಕಿನದೆನಿಸಿದರೆ ಆಕೃತಿ ಅಲ್ಲಿಗೇ ಸತ್ತಂತೆ. ಇದಕ್ಕೆ ಕಾರಣ ಬೆಳಕಿನ ವರ್ತನೆಯಲ್ಲಿದೆ. ಚರ್ಮದ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇಕಡ 3ರಷ್ಟು ಮಾತ್ರ ಎಣ್ಣೆಯಂಶವಿರುವ ಮೇಲ್ಮೈಯಿಂದಲೇ ಪುಟಿದು ಬರುತ್ತದೆ. ಉಳಿದದ್ದು ಒಳಗಿಳಿಯುತ್ತದೆ. ಹೊರಚರ್ಮದ ಮೆಲನಿನ್ ಒಂದಷ್ಟನ್ನು ನುಂಗುತ್ತದೆ, ಒಳಚರ್ಮದ ರಕ್ತದಲ್ಲಿರುವ ಹಿಮೋಗ್ಲೋಬಿನ್ ಇನ್ನೊಂದಷ್ಟನ್ನು ನುಂಗುತ್ತದೆ. ಮಿಕ್ಕ ಬೆಳಕು ಚದುರಿ, ಬಿದ್ದ ಜಾಗದಿಂದ ಸ್ವಲ್ಪ ಆಚೆಗೆ ಹೊರಬರುತ್ತದೆ. ಫೋಟೋ ಇವೆಲ್ಲವನ್ನೂ, ಜೊತೆಗೆ ಕೋಣೆಯ ದೀಪ ಮೂಡಿಸಿದ ನೆರಳನ್ನೂ, ಒಂದೇ ಬಣ್ಣವಾಗಿ ಕಲಸಿ ಕೊಡುತ್ತದೆ. ಐವತ್ತು ವರ್ಷಗಳಿಂದ ಈ ಕ್ಷೇತ್ರ ಮಾಡುತ್ತ ಬಂದಿರುವುದು ಆ ಕಲಸುಮೇಲೋಗರವನ್ನು ಎಳೆಎಳೆಯಾಗಿ ಬಿಡಿಸುವ ಕೆಲಸ.

ಮೊದಲ ಪ್ರಯತ್ನಗಳು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ನಡೆದವು. ಆನ್ರಿ ಗುರೋ 1971ರಲ್ಲಿ ತನ್ನ ಹೆಂಡತಿಯ ಮುಖದ ಮೇಲೆಯೇ ಗೆರೆ ಎಳೆದು, ಆ ಚೌಕಗಳನ್ನು ಅಳೆದು ಗಣಕಕ್ಕೆ ಇಳಿಸಿದ. ಮರುವರ್ಷ ಎಡ್ ಕ್ಯಾಟ್ಮಲ್ ಮತ್ತು ಫ್ರೆಡ್ ಪಾರ್ಕ್ ಕ್ಯಾಟ್ಮಲ್‌ನ ಎಡಗೈಯನ್ನು ಚಲಿಸುವ ಚಿತ್ರವಾಗಿಸಿದರು. ಆ ಕೈಗೆ ಆಕಾರವಿತ್ತು, ಚರ್ಮವಿರಲಿಲ್ಲ. ಮೇಲ್ಮೈಗೆ ಚಿತ್ರವೊಂದನ್ನು ಹೊದಿಸುವ ವಿಧಾನ ಬಂದದ್ದು 1974ರಲ್ಲಿ, ಕ್ಯಾಟ್ಮಲ್‌ನ ಪಿಎಚ್‌ಡಿ ಪ್ರಬಂಧದಲ್ಲಿ. ಇಂದು ಟೆಕ್ಸ್‌ಚರ್ ಎಂದು ಕರೆಯುವುದು ಇದನ್ನೇ: ಕಿತ್ತಳೆ ಸಿಪ್ಪೆಯನ್ನು ಬಿಡಿಸಿ ಮೇಜಿನ ಮೇಲೆ ಹರಡಿದಂತೆ ದೇಹದ ಮೇಲ್ಮೈಯನ್ನು ಚಪ್ಪಟೆ ಮಾಡಿ, ಅದರ ಮೇಲೆ ಬಣ್ಣ ತುಂಬಿ, ಮತ್ತೆ ಸುತ್ತುವುದು. 1978ರಲ್ಲಿ ಜಿಮ್ ಬ್ಲಿನ್ ಆಕಾರವನ್ನು ಮುಟ್ಟದೆ, ಬೆಳಕಿನ ಲೆಕ್ಕವನ್ನಷ್ಟೇ ಅಲುಗಿಸಿ ಸುಕ್ಕು ತೋರಿಸುವ ಉಪಾಯ ಕಂಡುಹಿಡಿದ. ಬಣ್ಣಕ್ಕೊಂದು ಪಟ, ಉಬ್ಬುತಗ್ಗಿಗೊಂದು ಪಟ ಎಂಬ ವಿಂಗಡಣೆ ಶುರುವಾದದ್ದು ಅಲ್ಲಿಂದ.

ಎಂಬತ್ತರ ದಶಕದಲ್ಲಿ ಸೈಬರ್‌ವೇರ್ ಕಂಪನಿಯ ಲೇಸರ್ ಸ್ಕ್ಯಾನರ್ ಬಂದಿತು. ಕುಳಿತವರ ತಲೆಯ ಸುತ್ತ ತಿರುಗಿ ಆಕಾರ, ಬಣ್ಣ ಎರಡನ್ನೂ ಒಟ್ಟಿಗೆ ಹಿಡಿಯುವ ಯಂತ್ರ ಅದು. 1999ರಲ್ಲಿ ಫೋಲ್ಕರ್ ಬ್ಲಾನ್ಸ್ ಮತ್ತು ಥಾಮಸ್ ಫೆಟರ್ ಹೀಗೆ ಹಿಡಿದ 200 ಯುವ ಮುಖಗಳನ್ನು ಬೆರೆಸಿ, ಯಾವ ಮುಖವನ್ನಾದರೂ ಕಡೆಯಬಲ್ಲ ಗಣಿತ ಮಾದರಿಯೊಂದನ್ನು ಕಟ್ಟಿದರು. ಆದರೆ ಚರ್ಮದ ರಂಧ್ರಗಳನ್ನು ಹಿಡಿಯುವಷ್ಟು ಸೂಕ್ಷ್ಮತೆ ಆ ಯಂತ್ರಕ್ಕಿರಲಿಲ್ಲ.

ದೊಡ್ಡ ಸ್ಟುಡಿಯೋಗಳ ಹೊರಗಿನ ಕಥೆ ಬೇರೆ. 1995ರಲ್ಲಿ ಪೋಸರ್ ಎಂಬ ತಂತ್ರಾಂಶ ಬಂದ ಮೇಲೆ ಸಿದ್ಧ ಮಾನವಾಕೃತಿಗಳನ್ನು ಕೊಂಡು ನಿಲ್ಲಿಸುವ ಹವ್ಯಾಸಿಗಳ ದೊಡ್ಡ ಬಳಗವೇ ಬೆಳೆಯಿತು. ಡ್ಯಾಜ್ ಕಂಪನಿಯ ವಿಕ್ಟೋರಿಯಾದಂಥ ಆಕೃತಿಗಳಿಗೆ ಚರ್ಮ ಮಾರುವುದೇ ಒಂದು ಕಸುಬಾಯಿತು. ಒಂದು ಆಕೃತಿಗೆ ಬಿಡಿಸಿದ ಸಿಪ್ಪೆ ಇನ್ನೊಂದಕ್ಕೆ ಹೊಂದುವುದಿಲ್ಲವಾದ್ದರಿಂದ ಆಕೃತಿ ಬದಲಾದಾಗಲೆಲ್ಲ ಹಳೆಯ ಚರ್ಮ ಮೂಲೆಗೆ ಬೀಳುತ್ತಿತ್ತು. ಅದಕ್ಕಿಂತ ದೊಡ್ಡ ತೊಡಕು ಮೂಲ ಫೋಟೋಗಳಲ್ಲೇ ಇತ್ತು. ಹಣೆಯ ಮೇಲೆ ಫ್ಲ್ಯಾಶ್‌ನ ಹೊಳಪು, ಮೂಗಿನ ಬಲಕ್ಕೆ ನೆರಳು ಚಿತ್ರದಲ್ಲೇ ಅಚ್ಚಾಗಿ ಬಂದಿರುತ್ತಿದ್ದವು. ದೃಶ್ಯದಲ್ಲಿ ದೀಪವನ್ನು ಬಲಕ್ಕಿಟ್ಟರೂ ಮೂಗಿನ ನೆರಳು ಬಲದಲ್ಲೇ ಕೂತಿರುತ್ತಿತ್ತು. ಇದನ್ನು ಕುಂಚ ಹಿಡಿದು ಒರೆಸುತ್ತ ಹೋದವರು ನೆರಳಿನ ಜೊತೆ ಚರ್ಮದ ಸೂಕ್ಷ್ಮವನ್ನೂ ಒರೆಸಿಹಾಕುತ್ತಿದ್ದರು. ಆ ಕಾಲದ ಅಗ್ಗದ ಆಕೃತಿಗಳ ಮುಖ ನುಣುಪಾದ ಬೊಂಬೆಯದಾಗಿ ಕಾಣಲು ಇದೂ ಒಂದು ಕಾರಣ.

ಪಟ ಎಷ್ಟು ಒಳ್ಳೆಯದಾದರೂ ಬೆಳಕು ಒಳಗಿಳಿಯದಿದ್ದರೆ ಚರ್ಮ ಬಣ್ಣ ಬಳಿದ ಗೋಡೆಯೇ. ಪದರಗಳ ಒಳಗೆ ಬೆಳಕು ಚದುರುವುದನ್ನು ಪ್ಯಾಟ್ ಹ್ಯಾನ್ರಹಾನ್ ಮತ್ತು ವೋಲ್ಫ್‌ಗಾಂಗ್ ಕ್ರೂಗರ್ 1993ರಲ್ಲೇ ಸೂತ್ರಕ್ಕೆ ತಂದಿದ್ದರು. ಅದನ್ನು ಚಿತ್ರೋದ್ಯಮ ಬಳಸಬಹುದಾದಷ್ಟು ಸರಳಗೊಳಿಸಿದ್ದು 2001ರ ಪ್ರಬಂಧ. ಬರೆದವರು ಹೆನ್ರಿಕ್ ವಾನ್ ಯೆನ್ಸನ್, ಸ್ಟೀವ್ ಮಾರ್ಷ್‌ನರ್, ಮಾರ್ಕ್ ಲೆವೊಯ್ ಮತ್ತು ಹ್ಯಾನ್ರಹಾನ್. ಇವರು ಬೆಳಕಿನ ಕಿರಿದಾದ ಕಿರಣವೊಂದನ್ನು ಚರ್ಮದಂಥ ವಸ್ತುಗಳ ಮೇಲೆ ಹಾಯಿಸಿ, ಅದು ಸುತ್ತ ಹರಡುವುದನ್ನು ಫೋಟೋದಲ್ಲಿ ಅಳೆದರು. ಅವರ ಒಂದು ಚರ್ಮದ ಮಾದರಿಯಲ್ಲಿ ಕೆಂಪು ಬೆಳಕಿನ ಹರಡುವಿಕೆ ಸುಮಾರು 3.7 ಮಿ.ಮೀ., ಹಸಿರಿನದು 1.4, ನೀಲಿಯದು 0.7. ಮೂಗಿನ ನೆರಳಿನ ಅಂಚಿನಲ್ಲಿ, ಕಿವಿಯ ಹಾಲೆಯಲ್ಲಿ ಕಾಣುವ ಕೆಂಪು ಛಾಯೆಯ ಗುಟ್ಟು ಈ ವ್ಯತ್ಯಾಸದಲ್ಲಿದೆ.

2001ರ 'ಫೈನಲ್ ಫ್ಯಾಂಟಸಿ' ಚಿತ್ರ ಪೂರ್ಣ ಪ್ರಮಾಣದ ಡಿಜಿಟಲ್ ನಟರನ್ನು ತೆರೆಗೆ ತಂದಾಗ ಅವರ ಮುಖದಲ್ಲಿ ಜೀವವಿಲ್ಲ ಎಂಬ ದೂರು ಬಂದಿತ್ತು. ಮರುವರ್ಷವೇ 'ದ ಟೂ ಟವರ್ಸ್' ಚಿತ್ರದ ಗಾಲಂ, ಹ್ಯಾರಿ ಪಾಟರ್ ಚಿತ್ರದ ಡಾಬಿ ಜನರನ್ನು ಒಪ್ಪಿಸಿದವು. ಎರಡರಲ್ಲೂ ಬೆಳಕು ಚರ್ಮದೊಳಗೆ ಚದುರುತ್ತಿತ್ತು. ಎರಡೂ ಮನುಷ್ಯರಲ್ಲ ಎಂಬುದನ್ನೂ ಮರೆಯುವಂತಿಲ್ಲ. ಹೋಲಿಸಿ ನೋಡಲು ನಿಜವಾದ ಡಾಬಿ ಯಾರಿಗೂ ಗೊತ್ತಿಲ್ಲ. ಬೆಳಕಿನ ಚದುರುವಿಕೆಯ ಈ ಸಂಶೋಧನೆಗೂ ಅದನ್ನು ಚಿತ್ರಗಳಲ್ಲಿ ಅಳವಡಿಸಿದವರಿಗೂ 2004ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಗಳು ಸಂದವು. ಮುಂದಿನದು ವೇಗದ ಕಥೆ. 2003ರ 'ಮೇಟ್ರಿಕ್ಸ್ ರೀಲೋಡೆಡ್' ತಂಡ ಬಿಡಿಸಿ ಹರಡಿದ ಪಟದ ಮೇಲೆಯೇ ಬೆಳಕನ್ನು ಮಸುಕುಗೊಳಿಸಿ ಕೆಲಸ ಹಗುರ ಮಾಡಿಕೊಂಡಿತು. 2007ರಲ್ಲಿ ಯೂಜೀನ್ ಡಿಯಾನ್ ಮತ್ತು ಸಂಗಡಿಗರು ಅದನ್ನು ಗ್ರಾಫಿಕ್ಸ್ ಕಾರ್ಡಿನ ಮೇಲೆ ತತ್‌ಕ್ಷಣ ಓಡಿಸಿದರು. 2009ರಲ್ಲಿ ಹೊರ್ಹೆ ಹಿಮೆನೆಸ್ ಅದನ್ನು ಆಟಗಳ ಪರದೆಗೆ ಒಗ್ಗಿಸಿದ.

ಇದರಿಂದ ಹಳೆಯ ಫೋಟೋ ಚರ್ಮಗಳಿಗೆ ಹೊಸ ಸಂಕಟ ಬಂದಿತು. ಫೋಟೋದಲ್ಲಿರುವ ಬಣ್ಣ ಆಗಲೇ ಒಮ್ಮೆ ಚದುರಿ ಹೊರಬಂದ ಬಣ್ಣ. ಅದನ್ನೇ ಕೊಟ್ಟು ಮತ್ತೆ ಚದುರಿಸಲು ಹೇಳಿದರೆ ಒಂದೇ ಪರಿಣಾಮ ಎರಡು ಸಲ ಸೇರಿ, ಮಚ್ಚೆ ಗೆರೆಗಳೆಲ್ಲ ಮಂಕಾಗುತ್ತವೆ. ಹೊರಗೆ ಕಾಣುವ ಬಣ್ಣದಿಂದ ಒಳಗಿನ ಬಣ್ಣವನ್ನು ಹಿಮ್ಮುಖವಾಗಿ ಲೆಕ್ಕಹಾಕುವ ಸೌಲಭ್ಯ, ದೃಶ್ಯವನ್ನು ಚಿತ್ರವಾಗಿಸುವ ರೆಂಡರಿಂಗ್ ತಂತ್ರಾಂಶಗಳಿಗೆ ಬೇಕಾದದ್ದು ಹೀಗೆ.

ಚರ್ಮವನ್ನು ಬೆಳಕಿನಿಂದ ಬಿಡಿಸಿ ಹಿಡಿಯುವ ಕೆಲಸದಲ್ಲಿ ಸಂಶೋಧಕ ಪಾಲ್ ಡೆಬೆವೆಕ್‌ನ ಲೈಟ್ ಸ್ಟೇಜ್ ಎಂಬ ಯಂತ್ರಕ್ಕೆ ಸಮನಾದದ್ದಿಲ್ಲ. 2000ದಲ್ಲಿ ಪ್ರಕಟವಾದ ಮೊದಲ ಯಂತ್ರದಲ್ಲಿ ದೀಪವೊಂದು ಕುಳಿತವರ ಸುತ್ತ ಸುರುಳಿಯಾಗಿ ತಿರುಗಿ, ಸುಮಾರು ಒಂದು ನಿಮಿಷದಲ್ಲಿ 2048 ದಿಕ್ಕುಗಳಿಂದ ಬೆಳಕು ಬೀರುತ್ತಿತ್ತು. 2004ರ 'ಸ್ಪೈಡರ್‌ಮ್ಯಾನ್ 2' ಚಿತ್ರಕ್ಕೆ ನಟರ ಮುಖವನ್ನು ಇದರ ಮುಂದಿನ ಯಂತ್ರದಲ್ಲೇ ಹಿಡಿದರು. ಇದರ ಜೊತೆ ಬಂದ ಧ್ರುವೀಕರಣದ ಉಪಾಯ ಹೆಚ್ಚು ದೂರ ಹೋಯಿತು. ಮೇಲ್ಮೈಯಿಂದ ಪುಟಿದ ಬೆಳಕು ತನ್ನ ಧ್ರುವೀಕರಣವನ್ನು, ಅಂದರೆ ಕಂಪನದ ದಿಕ್ಕನ್ನು, ಉಳಿಸಿಕೊಳ್ಳುತ್ತದೆ. ಒಳಹೊಕ್ಕು ಚದುರಿದ ಬೆಳಕು ಕಳೆದುಕೊಳ್ಳುತ್ತದೆ. ದೀಪದ ಮುಂದೊಂದು, ಲೆನ್ಸಿನ ಮುಂದೊಂದು ಪೋಲರೈಸರ್ ಹಾಳೆಯನ್ನು ಒಂದಕ್ಕೊಂದು ಅಡ್ಡವಾಗಿ ಇಟ್ಟರೆ ಹೊಳಪು ಪೂರ್ತಿ ಮಾಯವಾಗಿ ಬರಿಯ ಒಳಬಣ್ಣ ಉಳಿಯುತ್ತದೆ. ಒಂದನ್ನು ತಿರುಗಿಸಿ ಇನ್ನೊಂದು ಚಿತ್ರ ತೆಗೆದು, ಅದರಿಂದ ಮೊದಲಿನದನ್ನು ಕಳೆದರೆ ಹೊಳಪಷ್ಟೇ ಸಿಗುತ್ತದೆ. ಆ ಹೊಳಪು ಒಳಗೆ ಚದುರಿ ಮಸುಕಾಗದ ಬೆಳಕಾದ್ದರಿಂದ ರಂಧ್ರ, ನೆರಿಗೆಗಳ ನಿಜವಾದ ಆಕಾರ ಅದರಲ್ಲೇ ಇದೆ ಎಂದು 2007ರಲ್ಲಿ ಡೆಬೆವೆಕ್‌ನ ತಂಡ ತೋರಿಸಿತು. ಮರುವರ್ಷದ 'ಡಿಜಿಟಲ್ ಎಮಿಲಿ' ಯೋಜನೆಯಲ್ಲಿ ನಟಿ ಎಮಿಲಿ ಒಬ್ರಿಯೆನ್ ಅವರ 33 ಮುಖಭಾವಗಳನ್ನು ಈ ವಿಧಾನದಲ್ಲಿ ಹಿಡಿದರು. ಸಾಮಾನ್ಯ ಫ್ಲ್ಯಾಶ್‌ಗೆ ಪೋಲರೈಸರ್ ಹಾಳೆ ಅಂಟಿಸಿ ಮನೆಯಲ್ಲೇ ಚರ್ಮದ ಫೋಟೋ ತೆಗೆಯುವವರೂ ಇಂದು ಇದೇ ತತ್ತ್ವವನ್ನು ನೆಚ್ಚಿದ್ದಾರೆ.

ದುಬಾರಿ ದೀಪಗಳಿಲ್ಲದ ದಾರಿಯೂ ಇತ್ತು. ಥಾಬೋ ಬೀಲರ್ ಮತ್ತು ಸಂಗಡಿಗರು 2010ರಲ್ಲಿ ಹಲವು ಕ್ಯಾಮೆರಾಗಳ ಒಂದೇ ಕ್ಲಿಕ್ಕಿನಿಂದ ರಂಧ್ರಗಳ ಮಟ್ಟದ ವಿವರ ಪಡೆದರು. ಕಪ್ಪಗೆ ಕಂಡದ್ದು ಆಳವಾಗಿರುತ್ತದೆ ಎಂಬ ಊಹೆ ಅದರ ಬೆನ್ನೆಲುಬು. ರಂಧ್ರಗಳ ಮಟ್ಟಿಗೆ ಇದು ಸರಿ; ಮಚ್ಚೆಯೂ ಕಪ್ಪೇ, ಅದು ಹಳ್ಳವಲ್ಲ. 2013ರಲ್ಲಿ ಇತರ ಸಂಶೋಧಕರು ಪುಟ್ಟ ತುಣುಕು ಚರ್ಮವನ್ನು ಸುಮಾರು 10 ಮೈಕ್ರಾನ್ ಸೂಕ್ಷ್ಮತೆಯಲ್ಲಿ ಅಳೆದು ಇಡೀ ಮುಖಕ್ಕೆ ಹಬ್ಬಿಸಿದರು. 2015ರಲ್ಲಿ ಕೊಕಿ ನಗಾನೊ ಮತ್ತು ಸಂಗಡಿಗರು ಆ ಸೂಕ್ಷ್ಮರಚನೆಯನ್ನು ಚಲನೆಗೆ ಜೋಡಿಸಿದರು: ಎಳೆದ ಚರ್ಮ ನುಣುಪಾಗಿ ಹೊಳೆಯುತ್ತದೆ, ಮುದುಡಿದ ಚರ್ಮ ಒರಟಾಗಿ ಮಂಕಾಗುತ್ತದೆ. ನಗುವಾಗ ಕೆನ್ನೆ ಮಿನುಗುವುದನ್ನು ಸ್ಥಿರ ಪಟವೊಂದು ಎಂದೂ ತೋರಿಸಲಾರದು.

ಹಿಡಿಯಲು ವ್ಯಕ್ತಿಯೇ ಇಲ್ಲದಾಗ ಚರ್ಮ ಎಲ್ಲಿಂದ ಬರಬೇಕು? 'ಫ್ಯೂರಿಯಸ್ 7' ಚಿತ್ರದಲ್ಲಿ ಚಿತ್ರೀಕರಣದ ನಡುವೆ ತೀರಿಕೊಂಡ ನಟ ಪಾಲ್ ವಾಕರ್ ಅವರ ಜಾಗದಲ್ಲಿ ಅವರ ಸೋದರರು ನಿಂತರು. 2016ರ 'ರೋಗ್ ಒನ್'ಗೆ ತೀರಿಕೊಂಡಿದ್ದ ನಟ ಪೀಟರ್ ಕುಶಿಂಗ್ ಅವರ ಮುಖವನ್ನು ಮರಳಿ ಕಟ್ಟುವಾಗ, ಎಂಬತ್ತರ ದಶಕದ ಬೇರೊಂದು ಚಿತ್ರಕ್ಕಾಗಿ ತೆಗೆದಿದ್ದ ಅವರ ಮುಖದ ಅಚ್ಚು ಆಸರೆಯಾಯಿತು. ಅದೇ ವರ್ಷ, 2009ರಲ್ಲಿ ತೀರಿಕೊಂಡ ವಿಷ್ಣುವರ್ಧನ್ ಅವರನ್ನು ಡಿಜಿಟಲ್ ರೂಪದಲ್ಲಿ ಕನ್ನಡ ತೆರೆಗೆ ತಂದ ಚಿತ್ರಕ್ಕೆ ಹೆಸರಾದದ್ದು, ಅವರನ್ನು ನಾಯಕನಟನನ್ನಾಗಿಸಿದ 'ನಾಗರಹಾವು' ಹೆಸರೇ. ಹಳೆಯ ಚಿತ್ರಗಳಲ್ಲಿ ಉಳಿದಿರುವುದು ಮೇಕಪ್ ಹಚ್ಚಿದ, ದೀಪಗಳಡಿಯ ಮುಖ. ಅದರಿಂದ ಬರಿಯ ಚರ್ಮವನ್ನು ಬಿಡಿಸುವುದು ಊಹೆಯ ಕೆಲಸವೇ ಹೆಚ್ಚು.

ಈಗ ಹುಡುಕುವವರಿಗೆ ಚರ್ಮದ ಕೊರತೆಯಿಲ್ಲ. ಇನ್ಫೈನೈಟ್ ರಿಯಾಲಿಟೀಸ್ ಸಂಸ್ಥೆ ಮುಕ್ತ ಪರವಾನಗಿಯಲ್ಲಿ ಹಂಚಿದ ತಲೆಯೊಂದು ಅಸಂಖ್ಯ ಪ್ರಯೋಗಗಳಿಗೆ ಮಾದರಿಯಾಗಿದೆ. ಟೆಕ್ಸ್‌ಚರಿಂಗ್ ಎಕ್ಸ್‌ವೈಜೆಡ್ ನಿಜ ಮುಖಗಳಿಂದ ತೆಗೆದ ಬಣ್ಣ ಮತ್ತು ಉಬ್ಬುತಗ್ಗಿನ ಪಟಗಳನ್ನು ಮಾರುತ್ತದೆ. ಎಪಿಕ್ ಗೇಮ್ಸ್ 2021ರಲ್ಲಿ ತಂದ ಮೆಟಾಹ್ಯೂಮನ್‌ನಲ್ಲಿ ಸ್ಲೈಡರ್ ಎಳೆದರೆ ಸಾಕು, ಚರ್ಮ ಸಿದ್ಧ. ಆದರೂ ಈ ಇಡೀ ಪರಂಪರೆ ತಿಳಿಬಣ್ಣದ ಚರ್ಮವನ್ನೇ ಅಳತೆಗೋಲಾಗಿ ಇಟ್ಟುಕೊಂಡು ಬೆಳೆದದ್ದು ಎಂಬ ಆಕ್ಷೇಪವನ್ನು ಥಿಯೊಡೋರ್ ಕಿಮ್ ಮತ್ತಿತರ ಸಂಶೋಧಕರು ಎತ್ತಿದ್ದಾರೆ. ಆಕ್ಷೇಪಕ್ಕೆ ಭೌತಿಕ ಆಧಾರವೂ ಇದೆ. ಮೆಲನಿನ್ ಹೆಚ್ಚಿದ್ದರೆ ಒಳಗೆ ಚದುರಿ ಹಿಂದಿರುಗುವ ಬೆಳಕು ಕಡಿಮೆಯಾಗಿ, ಮೇಲ್ಮೈಯ ಹೊಳಪಿನ ಪಾಲು ಎದ್ದು ಕಾಣುತ್ತದೆ. ಬಿಳಿ ಚರ್ಮದ ಸೆಟ್ಟಿಂಗ್‌ಗಳನ್ನು ಹಾಗೆಯೇ ಬಿಟ್ಟು ಬಣ್ಣವನ್ನಷ್ಟೇ ಗಾಢ ಮಾಡಿದರೆ ಎಣ್ಣೆಗಪ್ಪು ಮುಖ ಬೂದಿ ಬಳಿದುಕೊಂಡಂತಾಗುವುದು ಇದರಿಂದಲೇ.

ಒಂದೇ ಫೋಟೋದಿಂದ ಚರ್ಮವನ್ನು ಊಹಿಸುವ ಕೃತಕ ಬುದ್ಧಿಮತ್ತೆಯ ವಿಧಾನಗಳಲ್ಲಿ ಈ ಪಕ್ಷಪಾತ ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ಕಪ್ಪಗೆ ಕಂಡ ಕೆನ್ನೆ ಕಪ್ಪು ಚರ್ಮದ್ದೋ ಮಂದ ಬೆಳಕಿನದ್ದೋ ಎಂದು ಮುಖವೊಂದನ್ನೇ ನೋಡಿ ಹೇಳಲಾಗದು. ಅನುಮಾನ ಬಂದಾಗ ಯಂತ್ರ ತನಗೆ ಹೆಚ್ಚು ಪರಿಚಯವಿರುವ ತಿಳಿಬಣ್ಣದ ಕಡೆಗೇ ವಾಲುತ್ತದೆ. 2022ರಲ್ಲಿ ಪ್ರಕಟವಾದ ಟ್ರಸ್ಟ್ ಎಂಬ ವಿಧಾನ ಇದಕ್ಕೆ ಕಂಡುಕೊಂಡ ದಾರಿ, ಮುಖವೊಂದಕ್ಕೇ ಸೀಮಿತವಾಗದೆ ಅದರ ಸುತ್ತಲಿನ ಇಡೀ ದೃಶ್ಯವನ್ನು ನೋಡಿ ಬೆಳಕನ್ನು ಅಂದಾಜು ಮಾಡುವುದು, ಬಳಿಕವಷ್ಟೇ ಚರ್ಮದ ಬಣ್ಣವನ್ನು ನಿರ್ಧರಿಸುವುದು.