ಹುಟ್ಟು ಹಾಕುವ ಹಕ್ಕು

ಊರಿನಿಂದ ಅಪ್ಪ ಅಮ್ಮನೋ ಅತ್ತೆ ಮಾವನೋ ಬರುತ್ತಾರೆಂದರೆ ನಾವು ಲಂಡನ್ ಕನ್ನಡಿಗರು ಹೀಥ್ರೂ ವಿಮಾನ ನಿಲ್ದಾಣಕ್ಕೆ ಕಾರು ಓಡಿಸುತ್ತೇವೆ. ಎ-4 ರಸ್ತೆ ಹ್ಯಾಮರ್‌ಸ್ಮಿತ್ ದಾಟುವಾಗ ಎಡಗಡೆಗೆ, ರಸ್ತೆಗೂ ಥೇಮ್ಸ್ ನದಿಗೂ ನಡುವೆ, ಒಂದು ಸಣ್ಣ ಉದ್ಯಾನವಿದೆ. ಅದರ ಹೆಸರು ಫರ್ನಿವಾಲ್ ಗಾರ್ಡನ್ಸ್. ಹದಿನೈದು ವರ್ಷ ಆ ದಾರಿಯಲ್ಲಿ ಓಡಾಡಿದರೂ ಈ ಫರ್ನಿವಾಲ್ ಯಾರು ಎಂದು ನಾನು ವಿಚಾರಿಸಿದವನಲ್ಲ. ಯಾವುದೋ ಯುದ್ಧ ಗೆದ್ದ ಜನರಲ್ ಇರಬೇಕು ಎಂದುಕೊಂಡಿದ್ದೆ.

ವಿಚಾರಿಸುವಂತೆ ಮಾಡಿದ್ದು ನನ್ನ ರಕ್ತದಲ್ಲಿ ಏರಿದ ಸಕ್ಕರೆ. ಡಾಕ್ಟರು ಮೈ ಬಗ್ಗಿಸಿ ಏನಾದರೂ ಮಾಡಿ ಎಂದರು. ಓಡೋಣವೆಂದರೆ ಮಂಡಿ ಒಪ್ಪಲಿಲ್ಲ. ಆಫೀಸಿನ ಗೆಳೆಯರೊಬ್ಬರು ದೋಣಿ ನಡೆಸುವುದನ್ನು ಕಲಿಯಿರಿ ಎಂದು ನದಿಗೆ ಕರೆದುಕೊಂಡು ಹೋದರು. ಮೊದಲ ದಿನವೇ ಹುಟ್ಟು ನೀರಿನಲ್ಲಿ ಸಿಕ್ಕಿಕೊಂಡು ಅದರ ಹಿಡಿ ನನ್ನ ಹೊಟ್ಟೆಗೆ ಬಡಿಯಿತು. ಇಲ್ಲಿಯವರು ಇದಕ್ಕೆ ಏಡಿ ಹಿಡಿಯುವುದು ಎನ್ನುತ್ತಾರೆ. ಹುಟ್ಟಾ ಸಸ್ಯಾಹಾರಿಯಾದ ನಾನು ಒಂದೇ ಬೆಳಿಗ್ಗೆ ನಾಲ್ಕು ಏಡಿ ಹಿಡಿದೆ. ದಡದಲ್ಲಿ ಸುಧಾರಿಸಿಕೊಳ್ಳುತ್ತಿದ್ದಾಗ ಆ ಗೆಳೆಯರು ಫರ್ನಿವಾಲ್ ಅವರ ಕಥೆ ಹೇಳಿದರು. ಅದರ ಬೆನ್ನು ಹತ್ತಿ ಲೈಬ್ರರಿಯಲ್ಲಿ ಓದಿಕೊಂಡದ್ದನ್ನು ನಮ್ಮ ಪತ್ರಿಕೆಯ ಓದುಗರ ಮುಂದಿಡುತ್ತಿದ್ದೇನೆ.

ಈ ನದಿಯ ಮೇಲೆ ದೋಣಿ ನಡೆಸುವುದು ಬಹುಕಾಲ ಆಟವಾಗಿರಲಿಲ್ಲ, ಹೊಟ್ಟೆಪಾಡಾಗಿತ್ತು. 1729ರಲ್ಲಿ ಪಟ್ನಿಯ ಮರದ ಸೇತುವೆ ಆಗುವವರೆಗೆ ಲಂಡನ್ ನಗರಕ್ಕೆ ಇದ್ದದ್ದು ಲಂಡನ್ ಬ್ರಿಜ್ ಒಂದೇ. ನದಿ ದಾಟಬೇಕಾದರೂ, ಬೀದಿಯ ಕೆಸರು ತಪ್ಪಿಸಿಕೊಂಡು ವೆಸ್ಟ್‌ಮಿನ್‌ಸ್ಟರ್‌ಗೆ ಹೋಗಬೇಕಾದರೂ ಅಂಬಿಗರೇ ಗತಿ. ಅವರಿಗೆ ವಾಟರ್‌ಮನ್ ಎಂದು ಹೆಸರು. ಅವರ ಬಾಡಿಗೆ ಎಷ್ಟಿರಬೇಕೆಂದು 1514ರಲ್ಲೇ ಪಾರ್ಲಿಮೆಂಟು ಕಾನೂನು ಮಾಡಿತ್ತು. 1555ರ ಕಾಯಿದೆಯಿಂದ ಅವರ ಸಂಘವೂ ಏರ್ಪಟ್ಟಿತು. ಈ ಕಸುಬಿಗೆ ಬರುವ ಹುಡುಗ ವರ್ಷಗಟ್ಟಲೆ ಅಪ್ರೆಂಟಿಸ್ ಆಗಿ ದುಡಿಯಬೇಕಿತ್ತು. ಒಬ್ಬನೇ ಎರಡು ಕೈಗೆ ಎರಡು ಹುಟ್ಟು ಹಿಡಿದು ನಡೆಸಿದರೆ ಅದು ಸ್ಕಲ್, ಬಾಡಿಗೆ ಕಡಿಮೆ. ಇಬ್ಬರು ಕೂತು ಒಬ್ಬೊಬ್ಬರು ಒಂದೊಂದು ಉದ್ದನೆಯ ಹುಟ್ಟು ಎಳೆದರೆ ಅದು ಓರ್, ಬಾಡಿಗೆ ಜಾಸ್ತಿ. ಸ್ಕಲ್ಲಿಂಗ್ ಬೇರೆ, ರೋಯಿಂಗ್ ಬೇರೆ ಎಂಬ ಆ ಭೇದ ಇಂದಿನ ಕ್ಲಬ್ಬುಗಳಲ್ಲೂ ಉಳಿದಿದೆ.

ಈ ಅಂಬಿಗರ ಪೈಕಿ ಜಾನ್ ಟೇಲರ್ (1578-1653) ಎಂಬಾತ ಕವಿ. ನಾಟಕ ನೋಡಲು ಹೋಗುವವರನ್ನು ನದಿ ದಾಟಿಸುವುದು, ಪದ್ಯ ಬರೆದು ಅಚ್ಚು ಹಾಕಿಸಿ ಮಾರುವುದು, ಎರಡೂ ಅವನ ದುಡಿಮೆ. ಜಲಕವಿ ಎಂದು ತನ್ನನ್ನು ತಾನೇ ಕರೆದುಕೊಂಡ. ಬಾಡಿಗೆ ಸಾರೋಟುಗಳು ಬಂದು ಅಂಬಿಗರ ಅನ್ನಕ್ಕೆ ಕಲ್ಲು ಹಾಕಿದವೆಂದು 1623ರಲ್ಲೇ ಪುಸ್ತಕ ಬರೆದು ಜಗಳ ತೆಗೆದ. ಒಮ್ಮೆ ಕಾಗದದ ದೋಣಿ ಮಾಡಿ, ಕೋಲಿಗೆ ಒಣಮೀನು ಕಟ್ಟಿದ ಹುಟ್ಟು ಹಾಕಿಕೊಂಡು ಲಂಡನ್‌ನಿಂದ ಕ್ವೀನ್‌ಬರೊಗೆ ಹೊರಟ. ಕಾಗದ ನೆನೆದು ಹರಿದರೂ ಹೇಗೋ ದಡ ಸೇರಿದ. ಇದನ್ನು ಓದುವಾಗ ನನಗೆ ಹನ್ನೆರಡನೆಯ ಶತಮಾನದ ನಮ್ಮ ಅಂಬಿಗರ ಚೌಡಯ್ಯ ನೆನಪಾಗದೆ ಇರಲಿಲ್ಲ. ಟೇಲರ್ ಚೌಡಯ್ಯನಂಥ ಅನುಭಾವಿಯಲ್ಲ, ಆ ಮಾತು ಬೇರೆ. ಆದರೆ ಹುಟ್ಟು ಹಿಡಿದ ಕೈಯೇ ಲೇಖನಿಯನ್ನೂ ಹಿಡಿದ ಉದಾಹರಣೆ ನದಿಯಿರುವ ಕಡೆ ಸಿಗುತ್ತದೆ ಎಂದಾಯಿತು.

ಅಂಬಿಗರ ಪಂದ್ಯವೂ ಹಳೆಯದು. ಥಾಮಸ್ ಡಾಗೆಟ್ ಎಂಬ ಐರಿಷ್ ಹಾಸ್ಯನಟ 1715ರಲ್ಲಿ, ಒಂದನೇ ಜಾರ್ಜ್ ದೊರೆ ಪಟ್ಟಕ್ಕೆ ಬಂದ ವರ್ಷಾಬ್ದಿಗೆಂದು ಒಂದು ಸ್ಪರ್ಧೆ ಏರ್ಪಡಿಸಿದ. ಅಪ್ರೆಂಟಿಸ್ ಮುಗಿಸಿದ ಎಳೆಯ ಅಂಬಿಗರು ಲಂಡನ್ ಬ್ರಿಜ್‌ನಿಂದ ಚೆಲ್ಸಿಯವರೆಗೆ, ಹೆಚ್ಚು ಕಡಿಮೆ ನಾಲ್ಕೂವರೆ ಮೈಲಿ, ಹುಟ್ಟು ಹಾಕಬೇಕು. ಗೆದ್ದವನಿಗೆ ಕೆಂಪು ಕೋಟು, ತೋಳಿಗೆ ಕಟ್ಟುವ ಬೆಳ್ಳಿ ಬಿಲ್ಲೆ. ಆ ಪಂದ್ಯ ಇಂದಿಗೂ ನಡೆಯುತ್ತಿದೆ.

ಆಮೇಲೆ ಸೇತುವೆಗಳು ಒಂದರ ಹಿಂದೆ ಒಂದು ಬಂದವು. ಹಬೆದೋಣಿ ಬಂತು, ರೈಲು ಬಂತು. ಅಂಬಿಗರ ಕಸುಬು ಸೊರಗುತ್ತಾ ಹೋದ ಹಾಗೆ ದೊಡ್ಡ ಮನೆತನದ ಹುಡುಗರಿಗೆ ದೋಣಿಯ ಹುಚ್ಚು ಹಿಡಿಯಿತು. ಆಕ್ಸ್‌ಫರ್ಡ್, ಕೇಂಬ್ರಿಜ್ ವಿದ್ಯಾರ್ಥಿಗಳ ಮೊದಲ ಪಂದ್ಯ 1829ರಲ್ಲಿ ಹೆನ್ಲಿಯಲ್ಲಿ ನಡೆಯಿತು. 1839ರಲ್ಲಿ ಹೆನ್ಲಿ ರೆಗಟ್ಟಾ ಶುರುವಾಯಿತು. ಅಂದಿನ ಈ ಹುಡುಗರಿಗೆ ಹುಟ್ಟು ಹಾಕುವುದನ್ನು ಹೇಳಿಕೊಟ್ಟವರಲ್ಲಿ ಅಂಬಿಗರು ಬಹಳ ಜನ. ಈ ಮಾತನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಪಂದ್ಯದ ಗೊಡವೆಯಿಲ್ಲದೆ ಬರೀ ಮೈಗೂ ಮನಸ್ಸಿಗೂ ಹಿತವೆಂದು ದೋಣಿ ಹತ್ತುವವರು ಹುಟ್ಟಿಕೊಂಡದ್ದು ಅದೇ ಶತಮಾನದ ನಡುವಿನಲ್ಲಿ. ಪಟ್ನಿಯಲ್ಲಿರುವ ಥೇಮ್ಸ್ ರೋಯಿಂಗ್ ಕ್ಲಬ್ 1860ರಲ್ಲಿ ಪ್ರಾರಂಭವಾದದ್ದು ಇಂಥವರಿಂದಲೇ. ಲಂಡನ್ ಸಿಟಿಯ ಬಟ್ಟೆ ವ್ಯಾಪಾರದ ಗುಮಾಸ್ತರು, ಮಾರಾಟಗಾರರು ಸೇರಿ, ಸಂಜೆ ಹೊತ್ತು ವ್ಯಾಯಾಮಕ್ಕೂ ಸಂತೋಷಕ್ಕೂ ದೋಣಿ ನಡೆಸೋಣವೆಂದು ಕಟ್ಟಿಕೊಂಡ ಕ್ಲಬ್ಬು ಅದು. ದಿನವಿಡೀ ಕೂತು ಲೆಕ್ಕ ಬರೆಯುವವನ ಕಷ್ಟ ನನಗೆ ಗೊತ್ತು, ನಾನೂ ಅದೇ ಜಾತಿಯವನು! 1870ರ ದಶಕದಲ್ಲಿ ಹಿಂದಕ್ಕೆ ಮುಂದಕ್ಕೆ ಜಾರುವ ಮಣೆ ಬಂದ ಮೇಲೆ ದೋಣಿಯ ವ್ಯಾಯಾಮವೇ ಬೇರೆಯಾಯಿತು. ಅದಕ್ಕೆ ಮೊದಲು ತೋಳು, ಬೆನ್ನುಗಳಿಗೇ ಹೆಚ್ಚು ಕೆಲಸ. ಈಗ ಕಾಲಿನಿಂದ ಒದ್ದು ದೋಣಿಯನ್ನು ಮುಂದಕ್ಕೆ ತಳ್ಳಬೇಕು. ನೋಡುವವರಿಗೆ ಕೈಯ ಆಟದಂತೆ ಕಾಣುತ್ತದೆ. ಆದರೆ ಮಾರನೆಯ ದಿನ ಮೆಟ್ಟಿಲು ಹತ್ತುವಾಗ ತೊಡೆ ಸತ್ಯ ಹೇಳುತ್ತದೆ.

ಹುಟ್ಟು ಹಾಕಿದರೆ ಹೃದಯ ಕೆಡುತ್ತದೆಯೇ ಎಂಬ ದೊಡ್ಡ ವಾದವೂ ಆಗ ನಡೆಯಿತು. ವಿಶ್ವವಿದ್ಯಾಲಯಗಳ ಪಂದ್ಯ ಯುವಕರ ಆರೋಗ್ಯವನ್ನು ಹಾಳು ಮಾಡುತ್ತದೆಂದು ಸ್ಕೀ ಎಂಬ ಹೆಸರಾಂತ ಸರ್ಜನ್ 1867ರಲ್ಲಿ ಟೈಮ್ಸ್ ಪತ್ರಿಕೆಗೆ ಬರೆದರು. ಮ್ಯಾಂಚೆಸ್ಟರಿನ ವೈದ್ಯ ಜಾನ್ ಮಾರ್ಗನ್ ಬಾಯಿಮಾತಿಗೆ ಬಾಯಿಮಾತು ಸೇರಿಸದೆ, 1829ರಿಂದ 1869ರವರೆಗೆ ಆ ಪಂದ್ಯದಲ್ಲಿ ಹುಟ್ಟು ಹಾಕಿದವರನ್ನೆಲ್ಲ ಹುಡುಕಿ ಕಾಗದ ಬರೆದು ವಿಚಾರಿಸಿದರು. 1873ರಲ್ಲಿ ಪುಸ್ತಕ ಹೊರಬಂತು. ಹುಟ್ಟು ಹಾಕಿದವರು ಸಾಮಾನ್ಯರಿಗಿಂತ ಸುಮಾರು ಎರಡು ವರ್ಷ ಹೆಚ್ಚು ಬದುಕುತ್ತಾರೆಂದು ಅವರ ಲೆಕ್ಕ. ಉಂಡುಟ್ಟು ಸುಖವಾಗಿದ್ದ ಮನೆಯ ಮಕ್ಕಳು ಹೇಗೂ ಎರಡು ವರ್ಷ ಹೆಚ್ಚು ಬದುಕುತ್ತಿದ್ದರೇನೋ, ಅದು ನನ್ನ ಅನುಮಾನ. ಆದರೂ ಹೃದಯ ಕೆಡುವ ಭಯಕ್ಕೆ ಆ ಪುಸ್ತಕ ಒಳ್ಳೆಯ ಉತ್ತರವಾಯಿತು.

ಇಷ್ಟರಲ್ಲಿ ಥೇಮ್ಸ್ ನದಿಯ ಮೇಲ್ಭಾಗವೆಲ್ಲ ವಿಹಾರದ ದೋಣಿಗಳಿಂದ ತುಂಬಿಹೋಗಿತ್ತು. ಸರಕು ಸಾಗಣೆ ರೈಲಿಗೆ ಹೋದದ್ದರಿಂದ ನದಿಯೂ ಬಿಡುವಾಗಿತ್ತು. 1885ರಲ್ಲಿ ಪಾರ್ಲಿಮೆಂಟು ಈ ನದಿಯನ್ನು ಸಾರ್ವಜನಿಕರ ವಿಹಾರಕ್ಕಾಗಿ ಕಾಪಾಡಲೆಂದೇ ಕಾಯಿದೆ ಮಾಡಿತು. ಗುಮಾಸ್ತಗಿರಿ ಮಾಡಿ ಬೆಳೆದ ಜೆರೋಮ್ ಕೆ. ಜೆರೋಮ್, ದೋಣಿಯಲ್ಲಿ ಹೊರಟ ಮೂವರ ಕಥೆಯನ್ನು 1889ರಲ್ಲಿ ಬರೆದು ಹೆಸರು ಮಾಡಿದರು. ನಮ್ಮಲ್ಲಿ ಕಾಲೇಜಿನಲ್ಲಿ ಅದನ್ನು ಓದಿ ನಕ್ಕವರು ಕೆಲವರಾದರೂ ಇರಬೇಕು.

ಈಗ ಬೇಸರದ ವಿಷಯಕ್ಕೆ ಬರೋಣ. ಹವ್ಯಾಸಿ ಎಂದರೆ ಯಾರು? ದುಡ್ಡಿಗಾಗಿ ಸ್ಪರ್ಧಿಸದವನು ಎಂದು ನಾವು ನೀವು ಹೇಳುತ್ತೇವೆ. 1882ರಲ್ಲಿ ಸ್ಥಾಪಿತವಾದ ಅಮೆಚೂರ್ ರೋಯಿಂಗ್ ಅಸೋಸಿಯೇಷನ್ ಅಷ್ಟಕ್ಕೆ ತೃಪ್ತಿಪಡಲಿಲ್ಲ. ದೋಣಿಯ ಕೆಲಸದಲ್ಲಿ ಸಂಬಳ ಪಡೆದವನು ಹವ್ಯಾಸಿಯಲ್ಲ. ಕೂಲಿಗೆ ದುಡಿಯುವ ಮೆಕ್ಯಾನಿಕ್ಕು, ಕುಶಲಕರ್ಮಿ, ಕೂಲಿಕಾರ ಇವರು ಯಾರೂ ಹವ್ಯಾಸಿಗಳಲ್ಲ. ಊಳಿಗದ ಕೆಲಸ ಮಾಡುವವನಂತೂ ಅಲ್ಲವೇ ಅಲ್ಲ. ಬಡಗಿಯೊಬ್ಬ ಜೀವಮಾನದಲ್ಲಿ ಪಂದ್ಯದ ಒಂದು ಕಾಸೂ ಮುಟ್ಟದಿದ್ದರೂ, ಉಳಿ ಹಿಡಿದ ತಪ್ಪಿಗೆ ಹೊರಗೆ! ಕೈಕೆಲಸದವರಿಗೆ ತೋಳಿನ ಬಲ ಹೆಚ್ಚು, ಗುಮಾಸ್ತರಿಗೂ ವಿದ್ಯಾರ್ಥಿಗಳಿಗೂ ಅನ್ಯಾಯವಾಗುತ್ತದೆ ಎಂದು ಸಮರ್ಥನೆ. ಹೇಳಿಕೊಟ್ಟ ಗುರುವನ್ನೇ ಅಂಗಳದಿಂದ ಆಚೆಗೆ ನಿಲ್ಲಿಸಿದ ಹಾಗಾಯಿತು. ಕನ್ನಡದಲ್ಲಿ ಹುಟ್ಟು ಎಂಬುದಕ್ಕೆ ಎರಡು ಅರ್ಥ ಇರುವುದು ಇಲ್ಲಿ ಚೆನ್ನಾಗಿ ಹೊಂದುತ್ತದೆ: ಕೈಯಲ್ಲಿರುವ ಹುಟ್ಟಿನ ಜೊತೆಗೆ ಮನುಷ್ಯನ ಹುಟ್ಟನ್ನೂ ನೋಡಿದರು. ನಮ್ಮ ಚೌಡಯ್ಯನೇ ಹೆನ್ಲಿಗೆ ಬಂದಿದ್ದರೂ ದಡದಲ್ಲಿ ನಿಂತು ನೋಡಬೇಕಾಗಿತ್ತು. ಜಾತಿಯ ವಿಷಯದಲ್ಲಿ ನಮಗೆ ಬುದ್ಧಿ ಹೇಳುವ ಇಂಗ್ಲಿಷ್ ಗೆಳೆಯರಿಗೆ ನಾನು ಈ ನಿಯಮವನ್ನು ತೋರಿಸುವುದುಂಟು. ನಮ್ಮ ಅಂಬಿಗರನ್ನು ನಾವೇನು ತಲೆಯ ಮೇಲೆ ಹೊತ್ತುಕೊಂಡೆವೇ ಎಂದು ಅವರು ತಿರುಗಿ ಕೇಳಿದರೆ ಮಾತ್ರ ನನ್ನಲ್ಲಿ ಉತ್ತರವಿಲ್ಲ.

ಈ ನಿಯಮದ ವಿರುದ್ಧ ಕಾಲು ಕೆರೆದು ನಿಂತವರಲ್ಲಿ ಫ್ರೆಡರಿಕ್ ಜೇಮ್ಸ್ ಫರ್ನಿವಾಲ್ ಪ್ರಮುಖರು. ಹುಟ್ಟಿದ್ದು 1825ರಲ್ಲಿ, ಸರ್ರೆ ಜಿಲ್ಲೆಯ ಎಗಮ್‌ನಲ್ಲಿ, ತಂದೆ ಸರ್ಜನ್. ಓದಿದ್ದು ಕೇಂಬ್ರಿಜ್‌ನಲ್ಲಿ. ಅಲ್ಲಿದ್ದಾಗಲೇ ತಮಗೆ ಬೇಕಾದಂಥ ಕಿರಿದಾದ ದೋಣಿಯನ್ನು ಕಟ್ಟಿಸಿಕೊಂಡರು. ವಕೀಲಿಗೆ ಸನ್ನದು ಪಡೆದರೂ ಮನಸ್ಸೆಲ್ಲ ಹಳೆಯ ಇಂಗ್ಲಿಷ್ ಗ್ರಂಥಗಳ ಮೇಲೆ. 1864ರಲ್ಲಿ ಅರ್ಲಿ ಇಂಗ್ಲಿಷ್ ಟೆಕ್ಸ್ಟ್ ಸೊಸೈಟಿ, 1868ರಲ್ಲಿ ಚಾಸರ್ ಸೊಸೈಟಿ, ಹೀಗೆ ಸಂಘ ಕಟ್ಟುತ್ತಲೇ ಹೋದರು. ನಮ್ಮ ಸಂಘದ ಕಾರ್ಯದರ್ಶಿಗಳಿಗೆ ಇಂಥವರೊಬ್ಬರು ಸಿಕ್ಕಿದ್ದರೆ! ಮುಂದೆ ಆಕ್ಸ್‌ಫರ್ಡ್ ನಿಘಂಟಾದ ಮಹಾಕೋಶಕ್ಕೆ 1861ರಿಂದ ಸಂಪಾದಕರೂ ಅವರೇ. ಆದರೆ ವ್ಯವಸ್ಥೆ ಎನ್ನುವುದು ಅವರ ಜಾಯಮಾನದಲ್ಲಿರಲಿಲ್ಲ. 1879ರಲ್ಲಿ ಜೇಮ್ಸ್ ಮರ್ರೆ ಆ ಕೆಲಸ ವಹಿಸಿಕೊಂಡಾಗ ಸುಮಾರು ಎರಡು ಟನ್ ಚೀಟಿಗಳು ಮೂಟೆಗಟ್ಟಿ ಬಂದವಂತೆ. ಒಂದು ಮೂಟೆಯಲ್ಲಿ ಸತ್ತ ಹೆಗ್ಗಣ, ಇನ್ನೊಂದರಲ್ಲಿ ಇಲಿಯ ಸಂಸಾರ. ನಮಗೆ ಕಿಟ್ಟೆಲ್ ಹೇಗೋ ಇವರಿಗೆ ಮರ್ರೆ ಹಾಗೆ. ಆದರೆ ಮೊದಲ ಮೂಟೆಗಳು ತುಂಬಿದ್ದು ಫರ್ನಿವಾಲ್ ಅವರ ಓಡಾಟದಿಂದ.

ಮಹಾ ಜಗಳಗಂಟರು. ಹೆಂಡತಿಯನ್ನು ನಡುವಯಸ್ಸಿನಲ್ಲಿ ತೊರೆದದ್ದನ್ನು ನಾನು ಮೆಚ್ಚಲಾರೆ. ಆದರೆ ದುಡಿಯುವವರ ವಿಷಯಕ್ಕೆ ಬಂದರೆ ಅವರ ಮನಸ್ಸು ಒಂದೇ ಹಾದಿಯಲ್ಲಿತ್ತು. 1854ರಲ್ಲಿ ಲಂಡನ್ನಿನ ಕಾರ್ಮಿಕರಿಗಾಗಿ ವರ್ಕಿಂಗ್ ಮೆನ್ಸ್ ಕಾಲೇಜು ತೆರೆದವರಲ್ಲಿ ಅವರೂ ಒಬ್ಬರು. ಅಲ್ಲಿ ವ್ಯಾಕರಣ ಪಾಠ ಮಾಡಿ, ಭಾನುವಾರ ಆ ಶಿಷ್ಯರನ್ನೇ ಕಟ್ಟಿಕೊಂಡು ಊರಾಚೆ ನಡೆಯಲು ಹೋಗುತ್ತಿದ್ದರು. ಭಾನುವಾರ ದೇವರ ದಿನ, ವಿಹಾರ ಕೂಡದು ಎಂದು ಕಾಲೇಜಿನ ಮುಖ್ಯಸ್ಥ ಮಾರಿಸ್ ಅವರ ಅಸಮಾಧಾನ. ವಾರದಲ್ಲಿ ಆರು ದಿನ ದುಡಿಯುವವನಿಗೆ ಗಾಳಿ ಬೆಳಕು ಕಾಣಲು ಉಳಿದದ್ದು ಅದೊಂದೇ ದಿನವಲ್ಲವೇ? ಫರ್ನಿವಾಲ್ ಬಗ್ಗಲಿಲ್ಲ.

1890ರಲ್ಲಿ ಕೈಕೆಲಸದವರನ್ನೂ ಸೇರಿಸಿಕೊಳ್ಳುವ ನ್ಯಾಷನಲ್ ಅಮೆಚೂರ್ ರೋಯಿಂಗ್ ಅಸೋಸಿಯೇಷನ್ ಪ್ರತ್ಯೇಕವಾಗಿ ಹುಟ್ಟಿತು. ಸ್ಥಾಪಕರಲ್ಲಿ ಫರ್ನಿವಾಲ್ ಇದ್ದರು. ದುಡ್ಡಿಗಾಗಿ ಪಂದ್ಯ ಆಡುವವರು ಬೇಡ, ಆದರೆ ದುಡಿಯುವವರು ಬೇಕು ಎಂಬುದು ಅದರ ನಿಲುವು.

ಆರು ವರ್ಷದ ಮೇಲೆ, 1896ರಲ್ಲಿ, ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆಗ ಅವರಿಗೆ ಎಪ್ಪತ್ತೊಂದು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಓದು ಮುಗಿಸಿ, ಹತ್ತಿರದ ನ್ಯೂ ಆಕ್ಸ್‌ಫರ್ಡ್ ಸ್ಟ್ರೀಟಿನ ಎ.ಬಿ.ಸಿ. ಟೀ ಅಂಗಡಿಗೆ ಹೋಗಿ ಕೂರುವುದು ಅವರ ವಾಡಿಕೆ. ಕುಡಿತವಿಲ್ಲ, ಹೊಗೆಬತ್ತಿಯಿಲ್ಲ, ಬಹಳ ವರ್ಷ ಮಾಂಸವನ್ನೂ ಮುಟ್ಟಿದವರಲ್ಲ. ಅಲ್ಲಿ ಟೀ ತಂದುಕೊಡುವ ಹುಡುಗಿಯರು ಬೆಳಗಿನಿಂದ ರಾತ್ರಿವರೆಗೆ ನಿಂತೇ ದುಡಿಯುವುದನ್ನು ನೋಡುತ್ತಿದ್ದರು. ಇವರಿಗೊಂದು ಕ್ಲಬ್ ಆಗಬೇಕು ಎನ್ನಿಸಿತು. ಹ್ಯಾಮರ್‌ಸ್ಮಿತ್‌ನಲ್ಲಿ ಹುಡುಗಿಯರ ಸ್ಕಲ್ಲಿಂಗ್ ಕ್ಲಬ್ ಶುರುವಾಯಿತು. ಅಂದಿನ ಮರ್ಯಾದಸ್ಥ ಹೆಂಗಸು ದೋಣಿಯಲ್ಲಿ ಕೂತರೆ ದಿಂಬಿಗೆ ಒರಗಿ, ಕೊಡೆ ಹಿಡಿದು, ಹೆಚ್ಚೆಂದರೆ ಚುಕ್ಕಾಣಿಯ ಹಗ್ಗ ಎಳೆಯಬೇಕು. ಇಲ್ಲಿ ಟೀ ಅಂಗಡಿಯ ಹುಡುಗಿಯರು ಉದ್ದನೆಯ ಲಂಗದಲ್ಲೇ ಎರಡೂ ಕೈಗೆ ಹುಟ್ಟು ಹಿಡಿದರು! ಅಸೋಸಿಯೇಷನ್ನಿನ ನಿಯಮದ ಪ್ರಕಾರ ಅವರದು ಊಳಿಗ, ಮೇಲಾಗಿ ಹೆಂಗಸರು. ಎರಡು ಬಾಗಿಲು ಮುಚ್ಚಿದ್ದವರಿಗೆ ನದಿಯೇ ತೆರೆದುಕೊಂಡಿತು. ಭಾನುವಾರ ಹ್ಯಾಮರ್‌ಸ್ಮಿತ್‌ನಿಂದ ರಿಚ್‌ಮಂಡ್ ಕಡೆಗೆ ಹುಟ್ಟು ಹಾಕಿಕೊಂಡು ಹೋಗುವುದು, ದಡದಲ್ಲಿ ಬುತ್ತಿ ಬಿಚ್ಚುವುದು, ಹರಟೆ, ವಾಪಸು. ಬಿಳಿ ಗಡ್ಡದ ಮುದುಕರೂ ಜೊತೆಗೆ ಹುಟ್ಟು ಹಾಕುತ್ತಿದ್ದರು. 1901ರಲ್ಲಿ ಗಂಡಸರನ್ನೂ ಸೇರಿಸಿಕೊಂಡರು; ಹುಡುಗಿಯರ ಕ್ಲಬ್ಬಿಗೆ ಹುಡುಗರಿಗೆ ಪ್ರವೇಶ ದೊರೆತದ್ದು ಹೀಗೆ. 1910ರ ಜುಲೈ 2ರಂದು ಎಂಬತ್ತೈದನೆಯ ವಯಸ್ಸಿನಲ್ಲಿ ಫರ್ನಿವಾಲ್ ತೀರಿಕೊಂಡರು. ಕೊನೆಯ ವರ್ಷಗಳವರೆಗೂ ಹುಟ್ಟು ಬಿಟ್ಟಿರಲಿಲ್ಲ.

ಹೆನ್ಲಿಯ ನಿಯಮ ಮಾತ್ರ ಇನ್ನೂ ಜಗ್ಗಲಿಲ್ಲ. 1920ರಲ್ಲಿ ಫಿಲಡೆಲ್ಫಿಯಾದ ಜಾನ್ ಕೆಲ್ಲಿಗೆ ಅಲ್ಲಿನ ಡೈಮಂಡ್ ಸ್ಕಲ್ಸ್ ಪಂದ್ಯಕ್ಕೆ ಪ್ರವೇಶ ಸಿಗಲಿಲ್ಲ. ಆತನ ಕ್ಲಬ್ಬಿನ ಮೇಲಿದ್ದ ಹಳೆಯ ನಿಷೇಧ ಒಂದು ಕಾರಣ, ಆತ ಇಟ್ಟಿಗೆ ಕಟ್ಟುವ ಕೆಲಸ ಮಾಡಿದವನೆಂಬುದು ಇನ್ನೊಂದು. ಆ ವರ್ಷ ಡೈಮಂಡ್ ಸ್ಕಲ್ಸ್ ಗೆದ್ದವರು ಇಂಗ್ಲೆಂಡಿನ ಜ್ಯಾಕ್ ಬೆರೆಸ್‌ಫರ್ಡ್. ಅದೇ ಬೆರೆಸ್‌ಫರ್ಡ್ ಅವರನ್ನು ಆ್ಯಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಸೋಲಿಸಿ ಕೆಲ್ಲಿ ಚಿನ್ನ ತೆಗೆದುಕೊಂಡ. ಅವನ ಮಗ 1947ರಲ್ಲಿ ಹೆನ್ಲಿಗೆ ಬಂದು ಅದೇ ಡೈಮಂಡ್ ಸ್ಕಲ್ಸ್ ಗೆದ್ದು ಹೋದ. ಮಗಳು ಸಿನಿಮಾ ತಾರೆ ಗ್ರೇಸ್ ಕೆಲ್ಲಿ ಎಂದರೆ ಹಿರಿಯ ಓದುಗರಿಗೆ ಗೊತ್ತಾಗುತ್ತದೆ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸಿಗೆ ಹೊರಟ ಆಸ್ಟ್ರೇಲಿಯಾದ ಎಂಟು ಜನರ ತಂಡವನ್ನೂ ಹೆನ್ಲಿಯವರು ಸೇರಿಸಲಿಲ್ಲ, ಏಕೆಂದರೆ ಅವರು ಪೋಲೀಸರು. ಇದರಿಂದ ಆದ ಗಲಾಟೆಯ ಮೇಲೆ 1937ರಲ್ಲಿ ಕೈಕೆಲಸದ ಅಡ್ಡಿಯನ್ನು ತೆಗೆದುಹಾಕಿದರು. ಎರಡು ಅಸೋಸಿಯೇಷನ್ನುಗಳು ಒಂದಾದದ್ದು 1956ರಲ್ಲಿ. ಹೆಂಗಸರು ಇನ್ನೂ ಕಾಯಬೇಕಾಯಿತು. ಒಲಿಂಪಿಕ್ಸ್‌ನಲ್ಲಿ ಅವರ ದೋಣಿ ಪಂದ್ಯ 1976ರಲ್ಲಿ ಬಂತು, ಹೆನ್ಲಿಯಲ್ಲಿ ಹೆಂಗಸರ ಸಿಂಗಲ್ ಸ್ಕಲ್ಸ್ ಕಾಯಂ ಸ್ಪರ್ಧೆಯಾದದ್ದು 1993ರಲ್ಲಿ.

ಬಾಂಬು ಬಿದ್ದ ಜಾಗವನ್ನು ಹಸನು ಮಾಡಿ ಫರ್ನಿವಾಲ್ ಗಾರ್ಡನ್ಸ್ ತೆರೆದದ್ದು 1951ರಲ್ಲಿ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಲೋಯರ್ ಮಾಲ್ ಬೀದಿಯಲ್ಲಿ ಅವರ ಹೆಸರಿನ ಕ್ಲಬ್ಬು ಇದೆ. ವಿಮಾನ ತಡವಾಗಿದೆ ಎಂದು ಗೊತ್ತಾದ ದಿನ ಕಾರು ನಿಲ್ಲಿಸಿ ನೋಡಬಹುದು. ಉಬ್ಬರದ ಹೊತ್ತಿಗೆ ಹೋಗಿ; ಇಳಿತವಿದ್ದರೆ ಕಾಣುವುದು ಬರೀ ಕೆಸರು. ನಾನಂತೂ ಈಗ ಏಡಿ ಹಿಡಿಯುವುದನ್ನು ಬಿಟ್ಟಿದ್ದೇನೆ. ಭಾನುವಾರ ಬೆಳಿಗ್ಗೆ ಚಿಸ್ವಿಕ್‌ವರೆಗೆ ಹೋಗಿ ಬರುತ್ತೇನೆ, ಸಕ್ಕರೆಯೂ ಸ್ವಲ್ಪ ಇಳಿದಿದೆ. ಎಂಬತ್ತರ ಮುದುಕರು ಹೋಗಿ ಬರುತ್ತಿದ್ದ ರಿಚ್‌ಮಂಡ್ ಮಾತ್ರ ಇನ್ನೂ ಆಗಿಲ್ಲ.