ಕುಡಿತ, ಚಾಲನೆ ಮತ್ತು ಕಾನೂನಿನ ಅಳತೆ

ಉಡುಪಿಯಿಂದ ಕಾಪುವಿಗೋ ಕಾರ್ಕಳಕ್ಕೋ ವಾಹನ ನಡೆಸುವ ವಾಚಕರೇ, ಕಾನೂನಿನ ಅಳತೆ ಬದಲಾದ ಬಗೆಯನ್ನು ಗಮನಿಸಿರಿ. ನಮ್ಮ ಸೀಮೆ ಮದರಾಸು ಪ್ರಾಂತಕ್ಕೆ ಸೇರಿದ್ದಾಗ ಬಂದ 1939ರ ಮೋಟಾರು ವಾಹನ ಕಾಯಿದೆಯು, ಕುಡಿದವನಿಗೆ ವಾಹನದ ಹತೋಟಿ ತಪ್ಪಿತ್ತೇ ಎಂದಷ್ಟೇ ಮೊದಲಿಗೆ ಕೇಳುತ್ತಿತ್ತು. ‘ನಾನು ನೆಟ್ಟಗಿದ್ದೆ’ ಎಂಬ ವಾದಕ್ಕೆ ಅಲ್ಲಿ ಎಡೆಯಿತ್ತು. ಈಗಿರುವ 1988ರ ಕಾಯಿದೆಯ 185ನೆಯ ಕಲಮು ಆ ಎಡೆಯನ್ನು ಮುಚ್ಚಿದೆ. ಉಸಿರಿನ ಪರೀಕ್ಷೆಯಲ್ಲಿ, 100 ಮಿಲಿಲೀಟರು ರಕ್ತಕ್ಕೆ ಮದ್ಯಸಾರ 30 ಮಿಲಿಗ್ರಾಮು ಮೀರಿದರೆ ಅಪರಾಧವೇ ಸರಿ. ಮಣಿಪಾಲದ ವಿದ್ಯಾರ್ಥಿಗೂ ಬಸ್ಸಿನ ಚಾಲಕನಿಗೂ ಅಳತೆ ಒಂದೇ.

2019ರ ತಿದ್ದುಪಡಿಯಂತೆ ಮೊದಲ ಅಪರಾಧಕ್ಕೆ 6 ತಿಂಗಳವರೆಗೆ ಸೆರೆವಾಸ, ಇಲ್ಲವೆ 10,000 ರೂಪಾಯಿ ದಂಡ, ಅಥವಾ ಎರಡೂ; ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಸೆರೆ, ಇಲ್ಲವೆ 15,000 ರೂಪಾಯಿ, ಅಥವಾ ಎರಡೂ. ನ್ಯಾಯಾಲಯವು ಚಾಲನೆಯ ಅರ್ಹತೆಯನ್ನೂ ಕಸಿಯಬಹುದು. ಚಕ್ರವನ್ನೇ ನಂಬಿ ಉಣ್ಣುವ ಮನೆಗೆ ದಂಡಕ್ಕಿಂತ ಅದೇ ದೊಡ್ಡ ಶಿಕ್ಷೆ.