ಅಂಗಳ ಇದ್ದವರ ಆಟ: ಮಹಿಳಾ ಹಾಕಿಯ ದಾಖಲೆಗಳ ಸುತ್ತ

ಅಮೆರಿಕದ ಕಾಲೇಜು ಹುಡುಗಿಯರ ಐಸ್ ಹಾಕಿ ಚಾಂಪಿಯನ್‌ಷಿಪ್ ಈಗಿನ ರೂಪದಲ್ಲಿ ಶುರುವಾದದ್ದು 2001ರಲ್ಲಿ. ಕೊರೊನಾ ಬಂದ 2020ರಲ್ಲಿ ನಡೆಯಲಿಲ್ಲ. ಅದೊಂದನ್ನು ಬಿಟ್ಟರೆ 2025ರವರೆಗೆ 24 ಸಲ ಪ್ರಶಸ್ತಿ ಕೊಟ್ಟಿದ್ದಾರೆ. ಅದನ್ನು ಗೆದ್ದ ಕಾಲೇಜುಗಳು ಐದೇ ಐದು. ವಿಸ್ಕಾನ್ಸಿನ್ 8, ಮಿನ್ನೆಸೋಟ 6, ಅದೇ ರಾಜ್ಯದ ಡುಲುತ್ ಊರಿನ ಶಾಖೆ 5, ಕ್ಲಾರ್ಕ್‌ಸನ್ 3, ಒಹಾಯೊ ಸ್ಟೇಟ್ 2. ಹಣಕ್ಕೂ ಹೆಸರಿಗೂ ಕೊರತೆಯಿಲ್ಲದ ಹಾರ್ವರ್ಡ್ 2003, 2004, 2005ರಲ್ಲಿ ಸತತ ಮೂರು ಫೈನಲ್ ಆಡಿ ಮೂರನ್ನೂ ಸೋತಿತು.

ಐಸ್ ಹಾಕಿ ನಮ್ಮ ಆಟವಲ್ಲ. ನಮ್ಮ ಕೋಲಾರ ಜಿಲ್ಲೆಯಲ್ಲಿ ಐಸ್ ಎಂದರೆ ಐಸ್‌ಕ್ಯಾಂಡಿ ಗಾಡಿ. ಆದರೂ ಈ ಪಟ್ಟಿ ನೋಡಿದಾಗ ನನಗೆ ನೆನಪಾದದ್ದು ನಮ್ಮದೇ ಇನ್ನೊಂದು ದಾಖಲೆ. 1960ರಿಂದ 1967ರ ನಡುವೆ ಮೈಸೂರು ರಾಜ್ಯದ ಮಹಿಳಾ ಹಾಕಿ ತಂಡ ಒಬ್ಬಳೇ ನಾಯಕಿಯ ಕೈಕೆಳಗೆ ಏಳು ರಾಷ್ಟ್ರೀಯ ಪ್ರಶಸ್ತಿ ಗೆದ್ದಿತ್ತು. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಕಣ್ಣಿಗೆ ಬೀಳುವುದು ಆಟಗಾರ್ತಿಯರ ಪ್ರತಿಭೆ ಮಾತ್ರವಲ್ಲ. ಕಪ್ ಹೋಗುವುದು ಅಂಗಳ, ವಸತಿ, ಆಟ ಮುಗಿದ ಮೇಲೊಂದು ನೌಕರಿ, ಈ ಮೂರೂ ಇರುವ ಕಡೆಗೆ. ಒಂದು ತಪ್ಪಿದರೂ ಕಪ್ ಬೇರೆ ಊರು ನೋಡಿಕೊಳ್ಳುತ್ತದೆ.

ಐಸಿನ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಬ್ರೌನ್ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಕಾಲೇಜಾಗಿದ್ದ ಪೆಂಬ್ರೋಕ್‌ನಲ್ಲಿ 1964ರ ಸುಮಾರಿಗೆ ಕಟ್ಟಿದ ತಂಡವನ್ನು ಅಮೆರಿಕದ ಮೊದಲ ಕಾಲೇಜು ಮಹಿಳಾ ಐಸ್ ಹಾಕಿ ತಂಡವೆಂದು ಎಣಿಸುತ್ತಾರೆ. ಪೆಂಬ್ರೋಕ್ ಪಾಂಡಾಸ್ ಎಂದು ಅದರ ಹೆಸರು. ನಿಜವಾದ ಬದಲಾವಣೆ ತಂದದ್ದು 1972ರ ಒಂದು ಕಾನೂನು. ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಹೆಣ್ಣು ಗಂಡೆಂಬ ಭೇದ ಮಾಡಕೂಡದು ಎಂದು ಅದು ಹೇಳಿತು. ಗಂಡುಮಕ್ಕಳ ತಂಡಗಳಿಗೆ ವಿದ್ಯಾರ್ಥಿವೇತನ ಹಂಚುತ್ತಿದ್ದ ಕಾಲೇಜುಗಳು ಹೆಣ್ಣುಮಕ್ಕಳಿಗೂ ಹಂಚಬೇಕಾಯಿತು. 1984ರಲ್ಲಿ ಪೂರ್ವ ಭಾಗದ ಕಾಲೇಜುಗಳು ತಮ್ಮದೊಂದು ಮಹಿಳಾ ಟೂರ್ನಿ ಆರಂಭಿಸಿದವು. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಮಹಿಳಾ ಐಸ್ ಹಾಕಿ ಮೊದಲ ಸಲ ಬಂತು, ಅಮೆರಿಕ ಕೆನಡಾವನ್ನು 3–1ರಿಂದ ಸೋಲಿಸಿತು, ಮೂರೇ ವರ್ಷಕ್ಕೆ ರಾಷ್ಟ್ರಮಟ್ಟದ ಕಾಲೇಜು ಕ್ರೀಡಾ ಸಂಸ್ಥೆ ಚಾಂಪಿಯನ್‌ಷಿಪ್ಪನ್ನು ತನ್ನ ಕೈಗೆ ತೆಗೆದುಕೊಂಡಿತು. ನಾಲ್ಕು ತಂಡಗಳಿಂದ ಶುರುವಾದದ್ದು 2005ರಲ್ಲಿ ಎಂಟಾಗಿ 2022ರಲ್ಲಿ ಹನ್ನೊಂದಾಯಿತು.

ಪಂದ್ಯಗಳಲ್ಲೂ ಮರೆಯಲಾಗದವು ಇವೆ. 2007ರ ಕ್ವಾರ್ಟರ್‌ಫೈನಲ್‌ನಲ್ಲಿ ವಿಸ್ಕಾನ್ಸಿನ್ ಹಾರ್ವರ್ಡನ್ನು 1–0ರಿಂದ ಸೋಲಿಸಿತು, ಆದರೆ ಆ ಒಂದು ಗೋಲು ಬೀಳಲು ನಾಲ್ಕನೆಯ ಹೆಚ್ಚುವರಿ ಅವಧಿಯವರೆಗೆ ಆಡಬೇಕಾಯಿತು. 2012–13ರಲ್ಲಿ ಮಿನ್ನೆಸೋಟ ಆಡಿದ 41 ಪಂದ್ಯಗಳನ್ನೂ ಗೆದ್ದಿತು. ಹಿಂದಿನ ಹಾಗೂ ಮುಂದಿನ ಸಾಲಿನ ಪಂದ್ಯಗಳನ್ನು ಸೇರಿಸಿದರೆ ಸತತ 62 ಗೆಲುವು. 2025ರ ಫೈನಲ್ ಸಿನಿಮಾದವರು ಬರೆದಿದ್ದರೆ ನಂಬುತ್ತಿರಲಿಲ್ಲ. ಒಹಾಯೊ ಸ್ಟೇಟ್ 3–2ರಿಂದ ಮುಂದಿತ್ತು, ಇಪ್ಪತ್ತು ಸೆಕೆಂಡೂ ಉಳಿದಿರಲಿಲ್ಲ. ಆಗ ಸಿಕ್ಕ ಪೆನಾಲ್ಟಿಯನ್ನು ವಿಸ್ಕಾನ್ಸಿನ್ನಿನ ಕರ್ಸ್ಟನ್ ಸಿಮ್ಸ್ ಗೋಲಾಗಿಸಿ ಸಮ ಮಾಡಿದಳು. ಹೆಚ್ಚುವರಿ ಅವಧಿಯ ಗೆಲುವಿನ ಗೋಲೂ ಅವಳದೇ. ಆ ಪಂದ್ಯ ನಡೆದದ್ದು ಮಿನ್ನಿಯಾಪೊಲಿಸ್‌ನ ರಿಡರ್ ಅರೀನಾದಲ್ಲಿ. ಕಾಲೇಜು ಹೆಣ್ಣುಮಕ್ಕಳ ಐಸ್ ಹಾಕಿಗೆಂದೇ ಅಮೆರಿಕದಲ್ಲಿ ಕಟ್ಟಿದ ಮೊದಲ ಕ್ರೀಡಾಂಗಣ ಅದು, 2002ರಲ್ಲಿ ತೆರೆದದ್ದು. ಮಿನ್ನೆಸೋಟದ ಆರು ಪ್ರಶಸ್ತಿಗಳೂ ಅದಾದ ಮೇಲಿನವು. ಇದನ್ನು ಕಾಕತಾಳೀಯ ಎನ್ನಲು ನನಗೆ ಮನಸ್ಸು ಬಾರದು.

ಈಗ ನಮ್ಮ ಕಡೆಗೆ ಬರೋಣ. ಹುಲ್ಲಿನ ಮೇಲಿನ ಹಾಕಿಯನ್ನು ಹೆಣ್ಣುಮಕ್ಕಳು ಆಡಿದ ಚರಿತ್ರೆ ಐಸಿಗಿಂತ ಬಹಳ ಹಿಂದಿನದು. ಇಂಗ್ಲೆಂಡಿನ ಮಹಿಳೆಯರು 1895ರಲ್ಲೇ ತಮ್ಮ ಸಂಘ ಕಟ್ಟಿಕೊಂಡರು. ಗಂಡಸರ ಸಂಘ ಮಾನ್ಯತೆ ಕೊಡಲು ಒಪ್ಪದಿದ್ದಾಗ ಅದರ ಪಾಡಿಗೆ ಅದನ್ನು ಬಿಟ್ಟು ಬೇರೆಯಾಗಿಯೇ ಬೆಳೆದರು. 1927ರಲ್ಲಿ ಮಹಿಳೆಯರ ಅಂತರರಾಷ್ಟ್ರೀಯ ಒಕ್ಕೂಟವೂ ಬಂತು. ಭಾರತಕ್ಕೆ ಈ ಆಟ ಹರಿದು ಬಂದ ಕಾಲುವೆಗಳು ಎರಡು, ಒಂದು ದಂಡು, ಇನ್ನೊಂದು ಕಾನ್ವೆಂಟ್ ಶಾಲೆ. ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ ಎರಡೂ ಇದ್ದವು. ಕುಕ್ ಟೌನ್, ಫ್ರೇಜರ್ ಟೌನ್, ರಿಚರ್ಡ್ಸ್ ಟೌನ್‌ಗಳ ಆಂಗ್ಲೋ ಇಂಡಿಯನ್ ಮತ್ತು ಕ್ರೈಸ್ತ ಮನೆಗಳ ಹೆಣ್ಣುಮಕ್ಕಳು ಮೊಣಕಾಲು ಕಾಣುವ ಸ್ಕರ್ಟ್ ತೊಟ್ಟು ಬಯಲಿಗೆ ಇಳಿಯುವುದಕ್ಕೆ ಯಾರ ಅಪ್ಪಣೆಯನ್ನೂ ಕೇಳಬೇಕಿರಲಿಲ್ಲ. ಪೇಟೆಯ ಕಡೆಯ, ಹಳ್ಳಿಯ ಕಡೆಯ ಹೆಣ್ಣುಮಕ್ಕಳಿಗೆ ಆ ಕಾಲದಲ್ಲಿ ಈ ಸಲಿಗೆ ಇರಲಿಲ್ಲ. ಮೈಸೂರು ತಂಡದ ಬಲ ಹುಟ್ಟಿದ್ದು ಈ ಕೆಲವೇ ಬೀದಿಗಳಿಂದ ಎಂಬುದನ್ನು ಮರೆತರೆ ಮುಂದಿನ ಇಳಿತವೂ ಅರ್ಥವಾಗುವುದಿಲ್ಲ.

ಏಳು ಪ್ರಶಸ್ತಿ ಗೆದ್ದ ಆ ನಾಯಕಿ ಕುಕ್ ಟೌನಿನ ಎಲ್ವೆರಾ ಬ್ರಿಟ್ಟೊ. 1940ರಲ್ಲಿ ಹುಟ್ಟಿದ ಅವರು ಹದಿಮೂರನೇ ವಯಸ್ಸಿಗೆ ಸ್ಟಿಕ್ ಹಿಡಿದವರು. ತಂಗಿಯರಾದ ರೀಟಾ ಮತ್ತು ಮೇ ಕೂಡ ಅದೇ ತಂಡದಲ್ಲಿ ಆಡಿದರು. ಒಂದೇ ಮನೆಯ ಮೂವರು ಅಂಗಳದಲ್ಲಿದ್ದರೆ ಪಾಸು ಎಲ್ಲಿಗೆ ಬರುತ್ತದೆಂದು ತಿರುಗಿ ನೋಡುವ ಅಗತ್ಯ ಇರುವುದಿಲ್ಲ. ಎದುರಾಳಿಗಳ ಕಷ್ಟವನ್ನು ಊಹಿಸಿಕೊಳ್ಳಬಹುದು. ಆಸ್ಟ್ರೇಲಿಯಾ, ಜಪಾನ್, ಶ್ರೀಲಂಕಾ ವಿರುದ್ಧ ಎಲ್ವೆರಾ ಭಾರತದ ಪರ ಆಡಿದರು. 1965ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಅದಕ್ಕೂ ಮೊದಲು ಮಹಿಳಾ ಹಾಕಿಯಲ್ಲಿ ಆ ಪ್ರಶಸ್ತಿ ಪಡೆದವರು ಒಬ್ಬರೇ, 1961ರಲ್ಲಿ ಆ್ಯನ್ ಲಮ್ಸ್‌ಡೆನ್. ಆಟ ಬಿಟ್ಟ ಮೇಲೂ ಎಲ್ವೆರಾ ಆಟವನ್ನು ಬಿಡಲಿಲ್ಲ. ರಾಜ್ಯ ಮಹಿಳಾ ಹಾಕಿ ಸಂಸ್ಥೆಯನ್ನು ಎಂಟು ವರ್ಷ ಅಧ್ಯಕ್ಷೆಯಾಗಿ ನಡೆಸಿದರು.

ಅವರ ಏಳು ಪ್ರಶಸ್ತಿಗಳ ಸಾಧನೆಯನ್ನು ನಮ್ಮ ಕ್ರಿಕೆಟ್ ತಂಡದ ರಣಜಿ ಗೆಲುವುಗಳ ಜೊತೆ ಹೋಲಿಸಿ ಮಾತಾಡುವವರನ್ನು ನಾನು ಕಂಡಿಲ್ಲ. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥರ ಕರ್ನಾಟಕ ಮೊದಲ ರಣಜಿ ಗೆದ್ದದ್ದು 1974ರಲ್ಲಿ. ರಾಜ್ಯಕ್ಕೆ ರಾಷ್ಟ್ರಮಟ್ಟದಲ್ಲಿ ಗೆಲ್ಲುವ ರೂಢಿ ಹಿಡಿಸಿದವರಲ್ಲಿ ಈ ಹುಡುಗಿಯರೂ ಇದ್ದರು, ಅದಕ್ಕೂ ಹತ್ತು ವರ್ಷ ಮುಂಚೆ. ಕಾಲೇಜಿನ ಜನರಲ್ ನಾಲೆಜ್ ಪುಸ್ತಕದಲ್ಲಿ ರಣಜಿ ಗೆಲುವಿದೆ, ಹಾಕಿಯದಿಲ್ಲ.

ಇಂಥ ಬಲ ಯಾಕೆ ಕರಗಿತು? ಮೊದಲ ಕಾರಣ ಜನ. ಸ್ವಾತಂತ್ರ್ಯದ ನಂತರ ಆಂಗ್ಲೋ ಇಂಡಿಯನ್ ಕುಟುಂಬಗಳು ಇಂಗ್ಲೆಂಡಿಗೆ, ಆಸ್ಟ್ರೇಲಿಯಾಕ್ಕೆ, ಕೆನಡಾಕ್ಕೆ ಹಡಗು ಹತ್ತುತ್ತಲೇ ಇದ್ದವು. ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಏಕೆಂದರೆ ಕೆಜಿಎಫ್‌ನಲ್ಲಿ ನಡೆದದ್ದೂ ಇದೇ. ಚಿನ್ನದ ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಊರ್ಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂನಲ್ಲಿ ಗಣಿಯ ಜೊತೆಗೆ ಕ್ಲಬ್ಬು, ಕ್ಲಬ್ಬಿನ ಜೊತೆಗೆ ಆಟ ಬಂದಿದ್ದವು. 1956ರಲ್ಲಿ ಗಣಿಗಳು ಸರ್ಕಾರದ ಕೈಗೆ ಬಂದವು. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದವು. ಸಂಬಳ ನಿಂತ ಊರಿನಲ್ಲಿ ಸಂಜೆ ಆಡಲು ಬರುವವರೆಲ್ಲ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋದರು.

ಗೆಲುವಿನ ಪಟ್ಟಿ ಉಳಿದು ಬಲ ಹೋಗುವುದು ಹೊಸ ಸಂಗತಿಯಲ್ಲ. ಕೋಲಾರ ತಾಲ್ಲೂಕಿನ ವಕ್ಕಲೇರಿಯನ್ನು ಚರಿತ್ರೆ ಓದಿದವರು ಬಲ್ಲದ್ದು ಅಲ್ಲಿ ಸಿಕ್ಕ ತಾಮ್ರಪಟಗಳಿಂದ. ಬಾದಾಮಿ ಚಾಲುಕ್ಯರ ಎರಡನೇ ಕೀರ್ತಿವರ್ಮ ಕ್ರಿ.ಶ. 757ರಲ್ಲಿ ಕೊಟ್ಟ ದಾನದ ಶಾಸನ ಅದು. ದಾನದ ಮಾತಿಗೆ ಬರುವ ಮುಂಚೆ ಮನೆತನದ ಗೆಲುವುಗಳನ್ನು ಸಾಲಾಗಿ ಹೇಳುತ್ತದೆ, ಹರ್ಷನನ್ನು ಮಣಿಸಿದ್ದು, ಪಲ್ಲವರನ್ನು ಸೋಲಿಸಿದ್ದು. ಅದನ್ನು ಕೊರೆಯುವ ಹೊತ್ತಿಗೆ ರಾಷ್ಟ್ರಕೂಟರ ದಂತಿದುರ್ಗ ಆ ರಾಜ್ಯದ ಬಹುಭಾಗವನ್ನು ಆಗಲೇ ಕಿತ್ತುಕೊಂಡಿದ್ದ. 1970ರ ದಶಕದ ಕರ್ನಾಟಕ ಮಹಿಳಾ ಹಾಕಿಯ ಸ್ಥಿತಿಯೂ ಹೆಚ್ಚುಕಡಿಮೆ ಅದೇ.

ಎರಡನೆಯ ಕಾರಣ ನೌಕರಿ. ರೈಲ್ವೆ ಇಲಾಖೆ ಕ್ರೀಡಾ ಕೋಟಾದಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳತೊಡಗಿದ ಮೇಲೆ ದೇಶದ ಒಳ್ಳೊಳ್ಳೆಯ ಆಟಗಾರ್ತಿಯರು ಅಲ್ಲಿಗೆ ಹೋದರು. ತಿಂಗಳ ಸಂಬಳ, ಪಾಸು, ಪಿಂಚಣಿ ಎಲ್ಲವನ್ನೂ ಬಿಟ್ಟು ರಾಜ್ಯದ ಜೆರ್ಸಿಗೆ ಅಂಟಿಕೊಳ್ಳಿ ಎನ್ನುವುದು ಅನ್ಯಾಯ. ರಾಷ್ಟ್ರೀಯ ಪ್ರಶಸ್ತಿಗಳು ವರ್ಷಗಟ್ಟಲೆ ರೈಲ್ವೆಯ ಪಾಲಾದವು.

ಮೂರನೆಯದು ಅಂಗಳವೇ ಬದಲಾದದ್ದು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿಯನ್ನು ಕೃತಕ ಹುಲ್ಲಿನ ಮೇಲೆ ಆಡಿಸಿದರು. ಅಲ್ಲಿಂದ ಮುಂದೆ ಬಯಲಿನಲ್ಲಿ ಕಲಿತ ಕೈಚಳಕಕ್ಕಿಂತ ಓಟ ಮತ್ತು ದಮ್ಮಿಗೆ ಬೆಲೆ ಬಂತು. ಗಂಡಸರ ತಂಡ ಈ ಪೆಟ್ಟು ತಿಂದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಹೆಣ್ಣುಮಕ್ಕಳಿಗೆ ಬಿದ್ದ ಪೆಟ್ಟು ಸ್ವಲ್ಪ ತಡವಾಗಿ ಕಾಣಿಸಿತು. 1974ರ ಮೊದಲ ಮಹಿಳಾ ವಿಶ್ವಕಪ್‌ನಲ್ಲಿ ಭಾರತಕ್ಕೆ ನಾಲ್ಕನೇ ಸ್ಥಾನ. ಮಹಿಳಾ ಹಾಕಿ ಒಲಿಂಪಿಕ್ಸ್‌ಗೆ ಬಂದ 1980ರ ಮಾಸ್ಕೋದಲ್ಲೂ ನಾಲ್ಕನೇ ಸ್ಥಾನ. ಅಲ್ಲಿ ಆಸ್ಟ್ರಿಯಾ, ಪೋಲೆಂಡ್ ವಿರುದ್ಧ ಗೆದ್ದು, ಕೊನೆಗೆ ಚಿನ್ನ ಗೆದ್ದ ಜಿಂಬಾಬ್ವೆ ಜೊತೆ 1–1ರಿಂದ ಸಮ ಮಾಡಿಕೊಂಡಿದ್ದರು. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಎಲಿಜಾ ನೆಲ್ಸನ್ ನಾಯಕತ್ವದಲ್ಲಿ ಚಿನ್ನ ಬಂತು. ಆಮೇಲೆ ಮುಂದಿನ ಒಲಿಂಪಿಕ್ಸ್‌ಗೆ 2016ರವರೆಗೆ, ಬರೋಬ್ಬರಿ 36 ವರ್ಷ ಕಾಯಬೇಕಾಯಿತು.

ಕರ್ನಾಟಕದಲ್ಲಿ ಆಟ ಹೊಸ ನೆಲೆ ಕಂಡುಕೊಂಡದ್ದು ಕೊಡಗಿನಲ್ಲಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬ ಹಾಕಿಯಲ್ಲಿ ಮೊದಲ ವರ್ಷ 60 ಕುಟುಂಬಗಳು ಆಡಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಆಡಿ ಗಿನ್ನೆಸ್ ದಾಖಲೆಯಾಯಿತು. ಅಲ್ಲಿ ಅಜ್ಜ, ಮೊಮ್ಮಗಳು, ಸೊಸೆ ಒಂದೇ ತಂಡದಲ್ಲಿ ಇಳಿಯಬಹುದು. ಹೆಣ್ಣುಮಗು ಸ್ಟಿಕ್ ಹಿಡಿದರೆ ಯಾರೂ ತಿರುಗಿ ನೋಡದ ವಾತಾವರಣ ಕಂಟೋನ್ಮೆಂಟಿನ ನಂತರ ಮತ್ತೆ ಸಿಕ್ಕಿದ್ದು ಇಲ್ಲಿ. ಪೊನ್ನಂಪೇಟೆಯ ಕ್ರೀಡಾ ವಸತಿನಿಲಯ, ಅದರ ಟರ್ಫ್ ಉಳಿದದ್ದನ್ನು ಮಾಡಿದವು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ರಾಣಿ ರಾಂಪಾಲ್ ನಾಯಕತ್ವದ ಭಾರತ ತಂಡ ಆಸ್ಟ್ರೇಲಿಯಾವನ್ನು 1–0ರಿಂದ ಸೋಲಿಸಿ ಮತ್ತೆ ನಾಲ್ಕನೇ ಸ್ಥಾನಕ್ಕೆ ಬಂದಾಗ ಸಹಾಯಕ ಕೋಚ್ ಆಗಿದ್ದವರು ಕೊಡಗಿನ ಅಂಕಿತಾ ಸುರೇಶ್. ಆ ತಂಡ ತಯಾರಾದದ್ದೂ ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಆವರಣದಲ್ಲಿ.

ಎಲ್ವೆರಾ ಬ್ರಿಟ್ಟೊ 2022ರ ಏಪ್ರಿಲ್ 26ರಂದು 81ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುತಿಂಗಳೇ ಭೋಪಾಲದಲ್ಲಿ ನಡೆದ ರಾಷ್ಟ್ರೀಯ ಸೀನಿಯರ್ ಚಾಂಪಿಯನ್‌ಷಿಪ್‌ನಲ್ಲಿ ಕರ್ನಾಟಕದ ಹೆಣ್ಣುಮಕ್ಕಳು ಫೈನಲ್ ತಲುಪಿದರು. ಒಡಿಶಾ ವಿರುದ್ಧ 0–2ರಿಂದ ಸೋತರು. ಗೆದ್ದವರು ಯಾರೆಂದು ಗಮನಿಸಿ. ಹಾಕಿಗೆ ಸರ್ಕಾರದ ಖಜಾನೆಯನ್ನೇ ತೆರೆದು, ಭಾರತ ತಂಡಕ್ಕೂ ಪ್ರಾಯೋಜಕನಾದ ರಾಜ್ಯ ಅದು.

ಐಸಿನ ಮೇಲೂ ಭಾರತದ ಹೆಣ್ಣುಮಕ್ಕಳು ಈಗ ಇದೇ ಪಾಠ ಓದುತ್ತಿದ್ದಾರೆ. ಲಡಾಖಿನ ಹೆಪ್ಪುಗಟ್ಟಿದ ಕೊಳಗಳ ಮೇಲೆ ವರ್ಷಕ್ಕೆ ಎರಡು ತಿಂಗಳು ಆಡಿ ಬೆಳೆದವರು ಜನರಿಂದ ಚಂದಾ ಎತ್ತಿ 2016ರಲ್ಲಿ ತೈವಾನ್‌ಗೆ ಮೊದಲ ಅಂತರರಾಷ್ಟ್ರೀಯ ಟೂರ್ನಿಗೆ ಹೋದರು. ಮರುವರ್ಷ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್ ವಿರುದ್ಧ 4–3ರಿಂದ ಮೊದಲ ಗೆಲುವು ಕಂಡರು. ಲೇಹ್‌ನಲ್ಲಿ ಕೃತಕ ಐಸಿನ ಅಂಗಳ ಬಂತು, ಐಟಿಬಿಪಿಯಂಥ ಗಡಿ ಕಾಯುವ ಪಡೆ ಆಟಗಾರ್ತಿಯರಿಗೆ ನೌಕರಿ ಕೊಟ್ಟಿತು, 2025ರಲ್ಲಿ ಏಷ್ಯಾ ಕಪ್‌ನ ಕಂಚು ಬಂತು.

ಕಾಲೇಜಿನ ಮಟ್ಟದಲ್ಲಿ ಮಾತ್ರ ನಮ್ಮ ಲೆಕ್ಕ ಸರಿಯಿಲ್ಲ. ವಕ್ಕಲೇರಿಯ ಹುಡುಗಿ ಪಿಯುಸಿ ಮುಗಿಸಿ ಕೋಲಾರದಲ್ಲಿ ಪದವಿಗೆ ಸೇರಿದರೆ ಅವಳ ತಂಡ ಟಮಕದಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ್ದು. ಅಲ್ಲಿಂದ ದಕ್ಷಿಣ ವಲಯ, ವಲಯ ದಾಟಿದರೆ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಟೂರ್ನಿ, ಅದರ ಮೇಲೆ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ. ದಾರಿ ಕಾಗದದ ಮೇಲೆ ನೆಟ್ಟಗಿದೆ. ಆದರೆ ಅವಳ ಹೈಸ್ಕೂಲಿನಲ್ಲಿ ಇದ್ದದ್ದು ಕಬಡ್ಡಿ, ಖೋಖೋ, ಥ್ರೋಬಾಲ್. ಎದುರಿಗೆ ನಿಲ್ಲುವವರು ಶಾಲಾ ವಯಸ್ಸಿನಲ್ಲೇ ವಸತಿನಿಲಯ ಸೇರಿ ಟರ್ಫ್ ಮೇಲೆ ಬೆಳೆದವರು. ಹದಿನೆಂಟಕ್ಕೆ ಸ್ಟಿಕ್ ಹಿಡಿದವಳನ್ನು ಅವರೆದುರು ನಿಲ್ಲಿಸಿ ಫಲಿತಾಂಶ ಕೇಳಬಾರದು.

ಅಮೆರಿಕದ ಪಟ್ಟಿಯಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸುವ ಹೆಸರು ವಿಸ್ಕಾನ್ಸಿನ್ ಅಲ್ಲ, ಕ್ಲಾರ್ಕ್‌ಸನ್. ನ್ಯೂಯಾರ್ಕ್ ರಾಜ್ಯದ ಉತ್ತರ ತುದಿಯಲ್ಲಿ, ಕೆನಡಾದ ಗಡಿಗೆ ಹತ್ತಿರವಿರುವ ಪಾಟ್ಸ್‌ಡ್ಯಾಮ್ ಎಂಬ ಸಣ್ಣ ಊರಿನ ತಾಂತ್ರಿಕ ಕಾಲೇಜು. ಮೇಲ್ಮಟ್ಟದ ಮಹಿಳಾ ತಂಡ ಕಟ್ಟಿದ್ದು 2003–04ರಲ್ಲಿ. ಆಗ ಡುಲುತ್ ಮೂರು ಕಪ್ ಗೆದ್ದಾಗಿತ್ತು. ಗಂಡುಮಕ್ಕಳ ತಂಡಕ್ಕೆ ಐಸ್ ಹಾಕಿಯ ಹಳೆಯ ಪರಂಪರೆ ಇತ್ತು, ಗಡಿಯಾಚೆ ಆಡಿ ಬೆಳೆದ ಕೆನಡಾದ ಹುಡುಗಿಯರನ್ನು ವಿದ್ಯಾರ್ಥಿವೇತನ ಕೊಟ್ಟು ಕರೆತಂದರು. 2014ರಲ್ಲಿ ಮೊದಲ ಕಪ್, 2017 ಮತ್ತು 2018ರಲ್ಲಿ ಮತ್ತೆರಡು. 2014ರವರೆಗೆ ವಿಸ್ಕಾನ್ಸಿನ್, ಮಿನ್ನೆಸೋಟ, ಡುಲುತ್ ಆಡುವ ಮಧ್ಯಪಶ್ಚಿಮದ ಲೀಗಿನಿಂದ ಕಪ್ಪನ್ನು ಯಾರೂ ಹೊರಗೆ ಒಯ್ದಿರಲಿಲ್ಲ. ತಡವಾಗಿ ಶುರುಮಾಡಿದ ಸಣ್ಣ ಊರೂ ಗೆಲ್ಲಬಹುದಾದರೆ ನಮಗೂ ದಾರಿಯಿದೆ. ಕೋಲಾರದಿಂದ ಬೆಂಗಳೂರಿನ ಕಾರ್ಯಪ್ಪ ಹಾಕಿ ಕ್ರೀಡಾಂಗಣಕ್ಕೆ ಎರಡು ಗಂಟೆಯ ಬಸ್ಸಿನ ದಾರಿ. ಉತ್ತರ ವಿಶ್ವವಿದ್ಯಾಲಯಕ್ಕೆ ಇನ್ನೂ ಹತ್ತು ವರ್ಷ ತುಂಬಿಲ್ಲ. ಹೈಸ್ಕೂಲಿನ ಹುಡುಗಿಯರಿಗೆ ಒಂದು ವಸತಿನಿಲಯ, ವಾರಕ್ಕೆರಡು ದಿನ ಟರ್ಫ್ ಮೇಲೆ ಅಭ್ಯಾಸಕ್ಕೆ ಒಂದು ಬಸ್ಸು, ಇಷ್ಟನ್ನು ಜಿಲ್ಲೆಯ ಆಯವ್ಯಯದಲ್ಲಿ ಕೇಳುವವರು ಮೊದಲು ಬೇಕು.